ಸಿನಿಮಾ ವಿಶ್ಲೇಷಣೆ, ಸಿನಿಮಾ ಮಾಡೋದು: ಎರಡನ್ನೂ ನೀವು ಹೇಗೆ ಕಲಿತಿರಿ? ಅನುಭವ ಹೇಳಿ

ಪ್ರಶ್ನೆ (ಮೊದಲ ವರ್ಷದ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಮಾಧ್ಯಮ ಅಧ್ಯಯನದ ಮೊದಲ ವರ್ಷದಲ್ಲಿದ್ದೇನೆ. ಸಿನಿಮಾದ್ದೇ ಎರಡು ಪೇಪರ್ ಇವೆ. ಒಂದರಲ್ಲಿ ಸಿನಿಮಾ ನೋಡಿ ವಿಶ್ಲೇಷಣೆ ಬರೆಯಬೇಕು. ಇನ್ನೊಂದರಲ್ಲಿ ನಾಲ್ಕು ಜನ ಸೇರಿ ಐದು ನಿಮಿಷದ ಕಿರುಚಿತ್ರ ಮಾಡಬೇಕು. ಅದಕ್ಕೆ ಎಂಟು ವಾರ ಇದೆ.

ನನ್ನ ಮೊದಲ ಬರಹ ವಾಪಸ್ ಬಂತು. ಮೇಲೆ ಒಂದೇ ಸಾಲು: "ಕಥೆ ಬರೆದಿದ್ದೀರಿ, ಸಿನಿಮಾ ಎಲ್ಲಿ?" ನಾಲ್ಕು ದಿನ ಕೂತು ಬರೆದಿದ್ದೆ, ತುಂಬಾ ಬೇಜಾರಾಯಿತು. ಕಿರುಚಿತ್ರಕ್ಕೆ ನಮ್ಮ ಹತ್ತಿರ ಫೋನ್ ಬಿಟ್ಟರೆ ಬೇರೆ ಕ್ಯಾಮೆರಾ ಇಲ್ಲ. ಇನ್ನೊಂದು ಭಯವೂ ಇದೆ. ನೋಟ್ಸ್ ಮಾಡಿಕೊಳ್ಳುತ್ತಾ ನೋಡಿದರೆ ಸಿನಿಮಾ ನೋಡುವ ಖುಷಿಯೇ ಹೊರಟುಹೋಗುತ್ತಿದೆ. ಇದನ್ನೆಲ್ಲ ದಾಟಿ ಬಂದವರು ನಿಮಗೆ ಏನು ಕೆಲಸಕ್ಕೆ ಬಂತು ಅಂತ ಹೇಳುತ್ತೀರಾ?

ಉತ್ತರ (ಕಳೆದ ವರ್ಷ ಕೋರ್ಸ್ ಮುಗಿಸಿದವಳು)

ನನ್ನ ಮೊದಲ ಬರಹಕ್ಕೂ ಹೆಚ್ಚುಕಡಿಮೆ ಇದೇ ಮಾತು ಬಂದಿತ್ತು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನನಗೆ ದಾರಿ ಸಿಕ್ಕಿದ್ದು ಒಂದೇ ಒಂದು ದೃಶ್ಯದಿಂದ. ಇಡೀ ಸಿನಿಮಾ ಬಿಟ್ಟು ಎರಡು ನಿಮಿಷದ ಒಂದು ದೃಶ್ಯ ಆರಿಸಿಕೊಂಡೆ. ತಾಯಿ, ಮಗ ಮೇಜಿನ ಎದುರುಬದುರು ಕೂತು ಮಾತಾಡುತ್ತಾರೆ, ಅಷ್ಟೇ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದೆ. ಶಾಟ್ (ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು) ನಂಬರ್, ಎಷ್ಟು ಸೆಕೆಂಡ್, ತೀರಾ ಹತ್ತಿರದ ಕ್ಲೋಸಪ್ಪೋ ನಡುವಿನ ಮಿಡ್ಡೋ ದೂರದ ಲಾಂಗೋ, ಕ್ಯಾಮೆರಾ ಅಲುಗಾಡಿತಾ, ಯಾರು ಕಾಣುತ್ತಾರೆ, ಏನು ಕೇಳುತ್ತದೆ. ಒಂದೊಂದು ಕಟ್ ಬಂದಾಗಲೂ ನಿಲ್ಲಿಸಿ ಬರೆದುಕೊಂಡೆ. ಎರಡು ನಿಮಿಷಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಒಟ್ಟು 124 ಸೆಕೆಂಡ್, 31 ಶಾಟ್. ಸರಾಸರಿ ಒಂದು ಶಾಟಿಗೆ ನಾಲ್ಕು ಸೆಕೆಂಡ್.

ಆ ಸರಾಸರಿಯಿಂದ ನನಗೇನೂ ಸಿಗಲಿಲ್ಲ. ಸಿಕ್ಕಿದ್ದು "ಯಾರು ಕಾಣುತ್ತಾರೆ" ಅನ್ನುವ ಕಾಲಂನಲ್ಲಿ. ಮೊದಲ 12 ಶಾಟ್‌ಗಳಲ್ಲಿ "ಇಬ್ಬರೂ, ಇಬ್ಬರೂ, ತಾಯಿ, ಇಬ್ಬರೂ" ಅಂತ ಬರೆದಿದ್ದೆ. ಆಮೇಲೆ ಪುಟದ ಕೊನೆಯವರೆಗೂ "ತಾಯಿ, ಮಗ, ತಾಯಿ, ಮಗ". "ಇಬ್ಬರೂ" ಅನ್ನುವ ಪದ ಮತ್ತೆ ಬರಲೇ ಇಲ್ಲ. ಎಲ್ಲಿಂದ ನಿಂತಿತು ಅಂತ ನೋಡಿದರೆ, ಮಗ ಸುಳ್ಳು ಹೇಳಿದ ಜಾಗದಿಂದ. ಆ ಸಿನಿಮಾವನ್ನು ಅದಕ್ಕೂ ಮುಂಚೆ ಮೂರು ಸಲ ನೋಡಿದ್ದೆ. ಒಮ್ಮೆಯೂ ಗಮನಕ್ಕೆ ಬಂದಿರಲಿಲ್ಲ. ಆದರೆ ಮೂರು ಸಲವೂ ಆ ಜಾಗದಲ್ಲಿ ಏನೋ ಒಂಥರಾ ಆಗಿತ್ತು. ಯಾಕೆ ಆಗಿತ್ತು ಅಂತ ಆ ಸಂಜೆ ಗೊತ್ತಾಯಿತು. ಕುರ್ಚಿಯಿಂದ ಎದ್ದುನಿಂತುಬಿಟ್ಟೆ.

ಮೊದಲು ನಾನು ಬರೆದಿದ್ದ ವಾಕ್ಯ ಹೀಗಿತ್ತು: "ಈ ದೃಶ್ಯದಲ್ಲಿ ತಾಯಿ ಮಗನ ನಡುವಿನ ಅಂತರ ಪರಿಣಾಮಕಾರಿಯಾಗಿ ಮೂಡಿಬಂದಿದೆ." ಆಮೇಲೆ ಬರೆದಿದ್ದು: "ಮಗ ಸುಳ್ಳು ಹೇಳುವವರೆಗೆ ಇಬ್ಬರೂ ಮತ್ತೆ ಮತ್ತೆ ಒಂದೇ ಫ್ರೇಮಿನಲ್ಲಿ ಸಿಗುತ್ತಾರೆ. ಆಮೇಲಿನ 19 ಶಾಟ್‌ಗಳಲ್ಲಿ ಒಮ್ಮೆಯೂ ಇಲ್ಲ. ಅವರು ಕೂತ ಜಾಗ ಬದಲಾಗಿಲ್ಲ, ನಮಗೆ ತೋರಿಸುವ ರೀತಿ ಬದಲಾಗಿದೆ." ಮೊದಲನೆಯದನ್ನು ಸಿನಿಮಾ ನೋಡದೆಯೂ ಬರೆಯಬಹುದು, ಅಲ್ವಾ? ನಿಮ್ಮ ಬರಹ ತೆಗೆದು ಇದೊಂದನ್ನು ಪರೀಕ್ಷೆ ಮಾಡಿ ನೋಡಿ. ಯಾವ ವಾಕ್ಯ ಬೇರೆ ಯಾವ ಸಿನಿಮಾಕ್ಕೂ ಹೊಂದುತ್ತದೋ ಅದನ್ನು ಹೊಡೆದುಹಾಕಿ. ಕಥೆಯನ್ನು ಎರಡು ಸಾಲಿನಲ್ಲಿ ಮುಗಿಸಿ. ಓದುವ ಮೇಷ್ಟ್ರು ಆ ಸಿನಿಮಾ ನೋಡಿರುತ್ತಾರೆ.

ಈಗ ಕಿರುಚಿತ್ರದ ವಿಷಯ. ನಮ್ಮದರಲ್ಲೂ ಇಬ್ಬರು ಎದುರುಬದುರು ಕೂತು ಮಾತಾಡುವ ದೃಶ್ಯ ಇತ್ತು. ಒಬ್ಬರಿಂದ ಇನ್ನೊಬ್ಬರವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಬೇಕು. ಇದೇ 180 ಡಿಗ್ರಿ ನಿಯಮ. ಪರೀಕ್ಷೆಯಲ್ಲಿ ಚಿತ್ರ ಬರೆದು ವಿವರಿಸಿ ಪೂರ್ತಿ ಅಂಕ ತಗೊಂಡಿದ್ದೆ. ಶೂಟಿಂಗ್ ದಿನ ಎರಡನೇ ಹುಡುಗಿಯ ಶಾಟ್ ತೆಗೆಯುವಾಗ "ಆ ಕಡೆಯಿಂದ ಬೆಳಕು ಚೆನ್ನಾಗಿದೆ" ಅಂತ ಯಾರೋ ಹೇಳಿದರು, ಎಲ್ಲರೂ ಆಚೆ ಬದಿಗೆ ಹೋದೆವು. ನನಗೂ ಏನೂ ಅನ್ನಿಸಲಿಲ್ಲ. ಎಡಿಟಿಂಗಿಗೆ ಕೂತಾಗ ಇಬ್ಬರೂ ಬಲಗಡೆಗೇ ನೋಡುತ್ತಿದ್ದಾರೆ. ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ ಅಂತ ಅನ್ನಿಸುವುದೇ ಇಲ್ಲ, ಇಬ್ಬರೂ ಕಾಣದ ಮೂರನೆಯವರ ಜೊತೆ ಮಾತಾಡುವ ಹಾಗಿದೆ. ಶಾಟನ್ನು ಕನ್ನಡಿಯ ಹಾಗೆ ಉಲ್ಟಾ ಮಾಡಿದೆವು. ಅಂಗಿಯ ಮೇಲಿದ್ದ ಅಕ್ಷರಗಳೂ ಉಲ್ಟಾ ಆದವು. ಕೊನೆಗೆ ಉಳಿಸಿದ್ದು ಪೆನ್ನಿನ ಕ್ಯಾಪ್ ತೆಗೆದು ಹಾಕುತ್ತಿರುವ ಕೈಯ ಒಂದು ಕ್ಲೋಸಪ್. ಯಾಕೋ ತೆಗೆದಿಟ್ಟಿದ್ದೆವು. ಅದರಲ್ಲಿ ಎಡ ಬಲ ಅಂತ ಏನೂ ಇಲ್ಲ. ನಡುವೆ ಅದನ್ನು ಹಾಕಿ ಕಣ್ಣು ತಪ್ಪಿಸಿದೆವು.

ಆ ಘಟನೆ ಆದಮೇಲೆ ಯಾವ ಸಿನಿಮಾದಲ್ಲಿ ಗೆರೆ ದಾಟಿದರೂ ನನಗೆ ಕಾಣುತ್ತದೆ. ಬೇಕಂತಲೇ ದಾಟಿದ ಒಂದು ಜಗಳದ ದೃಶ್ಯವನ್ನು ಹಿಡಿದುಕೊಂಡೇ ನನ್ನ ಕೊನೆಯ ಸೆಮಿಸ್ಟರ್ ಬರಹ ಬರೆದೆ. ಅದಕ್ಕೇ ಹೇಳುವುದು, ಎರಡು ಪೇಪರನ್ನು ಬೇರೆ ಬೇರೆ ಇಡಬೇಡಿ. ನಿಮ್ಮ ಕಿರುಚಿತ್ರದಲ್ಲಿ ಯಾವ ಥರದ ದೃಶ್ಯ ಇದೆಯೋ, ವಿಶ್ಲೇಷಣೆಗೂ ಅಂಥದೇ ದೃಶ್ಯ ಆರಿಸಿಕೊಳ್ಳಿ.

ಉತ್ತರ (ಕೋರ್ಸಿನಲ್ಲಿ ಸೌಂಡ್ ಹಿಡಿದವನು, ಈಗ ಅದೇ ಕೆಲಸ)

ಮೇಲೆ ಎಲ್ಲ ಚಿತ್ರದ ಬಗ್ಗೆಯೇ ಆಯಿತು. ನಾನು ಧ್ವನಿ ಬಗ್ಗೆ ಹೇಳುತ್ತೇನೆ. ವಿದ್ಯಾರ್ಥಿಗಳ ಚಿತ್ರ ಜಾಸ್ತಿ ಸೋಲುವುದು ಇಲ್ಲೇ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸಲ್ಲ.

ಎರಡು ಫೋನ್ ಇದ್ದರೆ ಒಂದನ್ನು ರೆಕಾರ್ಡರ್ ಮಾಡಿಕೊಳ್ಳಿ. ಮಾತಾಡುವವರ ಬಾಯಿಂದ ಒಂದು ಗೇಣು, ಎರಡು ಗೇಣಿನೊಳಗೆ ಇರಲಿ. ಫ್ರೇಮಿನಲ್ಲಿ ಕಾಣದ ಹಾಗೆ ಜೇಬಿನಲ್ಲೋ, ಮೇಜಿನ ಮೇಲಿನ ಪುಸ್ತಕದ ಹಿಂದೆಯೋ ಇಡಬಹುದು. ಪ್ರತಿ ಟೇಕ್ ಶುರುವಿನಲ್ಲಿ ಕ್ಯಾಮೆರಾಕ್ಕೆ ಕಾಣುವ ಹಾಗೆ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗಿನಲ್ಲಿ ಕೈ ಕೂಡುವ ಫ್ರೇಮಿಗೆ ಆ ಶಬ್ದ ಕೂರಿಸಿದರೆ ತುಟಿ, ಮಾತು ಎರಡೂ ಕೂಡುತ್ತವೆ. ರೆಕಾರ್ಡಿಂಗ್ ಆ್ಯಪಿನಲ್ಲಿ ಮಟ್ಟ ತೋರಿಸಿದರೆ ಮಾತು -12 ಡೆಸಿಬೆಲ್ ಆಸುಪಾಸಿನಲ್ಲಿರಲಿ. 0 ಮುಟ್ಟಿದರೆ ಧ್ವನಿ ಒಡೆಯುತ್ತದೆ, ಆಮೇಲೆ ಸರಿ ಮಾಡುವುದು ತುಂಬಾ ಕಷ್ಟ.

ಮರೆಯಬಾರದ್ದು ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿ ಕೇಳುವ ಸಣ್ಣ ಸದ್ದು. ಶೂಟಿಂಗ್ ಮುಗಿದ ಮೇಲೆ ಅದೇ ಕೋಣೆಯಲ್ಲಿ ಎಲ್ಲರೂ ಅಲುಗಾಡದೆ ನಿಂತು 30 ಸೆಕೆಂಡ್ ಮೌನ ರೆಕಾರ್ಡ್ ಮಾಡಿಕೊಳ್ಳಿ. ನಾವು ಸುಮ್ನೆ ಬಿಟ್ಟೆವು. ಎರಡು ಮಾತಿನ ನಡುವೆ ಕತ್ತರಿಸಿದ ಜಾಗದಲ್ಲೆಲ್ಲ ಧ್ವನಿ ಗುಂಡಿಗೆ ಬಿದ್ದ ಹಾಗಾಯಿತು. ಆ ಗುಂಡಿ ತುಂಬಲು ಆ ಕೋಣೆಯದೇ ಮೌನ ಬೇಕು, ಬೇರೆ ಕೋಣೆಯದ್ದು ಹೊಂದಲ್ಲ.

ಫ್ಯಾನ್ ಆರಿಸುವುದು ಎಲ್ಲರಿಗೂ ನೆನಪಿರುತ್ತದೆ. ಫ್ರಿಜ್ ಮರೆತುಹೋಗುತ್ತದೆ. ಅದನ್ನು ಆರಿಸಿದರೆ ನಿಮ್ಮ ಗಾಡಿ ಕೀ ತೆಗೆದು ಅದರೊಳಗೇ ಇಡಿ. ಮನೆಗೆ ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ ಮತ್ತೆ ಹಾಕುವುದೂ ನೆನಪಾಗುತ್ತದೆ. ಸೌಂಡ್ ಕೆಲಸದವರು ಎಷ್ಟೋ ಜನ ಮಾಡುವ ಉಪಾಯ ಇದು.

ವಿಶ್ಲೇಷಣೆಗೂ ಒಂದು ಮಾತು. ಆರಿಸಿದ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ. ಮುಂದಿನ ದೃಶ್ಯದ ಧ್ವನಿ ಚಿತ್ರಕ್ಕಿಂತ ಮುಂಚೆಯೇ ಬಂದುಬಿಡುವುದು ಆಗ ಗೊತ್ತಾಗುತ್ತದೆ. ಎಡಿಟರ್‌ಗಳು ಅದಕ್ಕೆ ಜೆ ಕಟ್ ಅನ್ನುತ್ತಾರೆ. ಹಿಂದಿನ ಧ್ವನಿ ಹೊಸ ಚಿತ್ರದ ಮೇಲೂ ಮುಂದುವರಿದರೆ ಎಲ್ ಕಟ್. ಇಂಥದ್ದನ್ನು ಬರಹದಲ್ಲಿ ಹಿಡಿದು ತೋರಿಸುವವರು ಕಡಿಮೆ.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಕಾಲಂ ಹಾಕುವುದನ್ನು ಇವತ್ತೇ ಶುರು ಮಾಡುತ್ತೇನೆ. ಇನ್ನೆರಡು ಕೇಳಬಹುದಾ? ಹೇಗೆ ಬರುತ್ತದೆ ನೋಡೋಣ ಅಂತ ಫೋನಿನಲ್ಲಿ ಒಂದು ಶಾಟ್ ತೆಗೆದೆವು. ನಟ ಕಿಟಕಿ ಹತ್ತಿರ ಬಂದ ಕೂಡಲೇ ಇಡೀ ಚಿತ್ರ ತಾನೇ ಕಪ್ಪಾಗುತ್ತದೆ, ಆಮೇಲೆ ತಾನೇ ಬೆಳ್ಳಗಾಗುತ್ತದೆ. ಇನ್ನೊಂದು, ಸಿದ್ಧಾಂತದ ಓದು. ಹೆಸರುಗಳೇ ತಲೆಯಲ್ಲಿ ನಿಲ್ಲುತ್ತಿಲ್ಲ.

ಉತ್ತರ (ಕ್ಯಾಮೆರಾ ಕಲಿಯುತ್ತಿರುವ ಮೂರನೇ ವರ್ಷದವನು)

ಫೋನ್ ತಾನೇ ಎಕ್ಸ್‌ಪೋಶರ್ (ಎಷ್ಟು ಬೆಳಕು ತಗೊಳ್ಳಬೇಕು ಅನ್ನುವುದು) ಬದಲಿಸುತ್ತಿದೆ. ನಟನ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್, ಎಕ್ಸ್‌ಪೋಶರ್ ಎರಡೂ ಲಾಕ್ ಆಗುತ್ತವೆ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಕೂಡ ಲಾಕ್ ಮಾಡುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಒಂದೇ ಗೋಡೆ ಒಂದು ಶಾಟಿನಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ ಕಾಣುತ್ತದೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) 24 ಅಥವಾ 25, ಯಾವುದಾದರೂ ಒಂದನ್ನೇ ಇಡಿ, ಎಲ್ಲ ಫೋನಿನಲ್ಲೂ ಅದೇ ಇರಲಿ. ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಸಮಯ) ಸೆಕೆಂಡಿನ 1/50 ಭಾಗ ಇರಲಿ. ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಓಡುತ್ತಿದ್ದರೆ ನಿಮ್ಮ ವಿದ್ಯುತ್ 50 ಹರ್ಟ್ಸಿನದಾ 60ರದ್ದಾ ನೋಡಿ. 60 ಆದರೆ ಶಟರ್ 1/60 ಮಾಡಿ.

ನಟನನ್ನು ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಿಸಬೇಡಿ, ಮುಖ ಕಿಟಕಿ ಕಡೆಗಿರಲಿ. ಲೈಟ್ ಇಲ್ಲದವರಿಗೆ ಕಿಟಕಿಯೇ ಲೈಟ್.

ಉತ್ತರ (ಹಲವು ವರ್ಷಗಳಿಂದ ಈ ಪೇಪರ್ ಕಲಿಸುತ್ತಿರುವವರು)

ಸಿದ್ಧಾಂತದ ಹೆಸರು ಬಾಯಿಪಾಠ ಮಾಡಬೇಡಿ, ಪ್ರಯೋಗ ಮಾಡಿ ನೋಡಿ. ರಷ್ಯಾದ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಒಬ್ಬ ನಟನ ಒಂದೇ ಮುಖಭಾವದ ಶಾಟನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿದ್ದ ಪ್ರಯೋಗ ನೀವು ಓದಿರುತ್ತೀರಿ. ಪಕ್ಕದ ಚಿತ್ರ ಬದಲಾದರೆ ಅದೇ ಮುಖದಲ್ಲಿ ನೋಡುವವರಿಗೆ ಬೇರೆ ಭಾವ ಕಾಣುತ್ತದೆ ಅನ್ನುವುದು ಅದರ ಸಾರ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಫೋನಿನಲ್ಲೇ ಮಾಡಲು ಹೇಳುತ್ತೇನೆ. ಒಬ್ಬ ಹುಡುಗನ ಸಪ್ಪೆ ಮುಖ ಐದು ಸೆಕೆಂಡ್. ಅದರ ಮುಂದೆ ಒಂದು ಸಲ ಮುರಿದ ಆಟಿಕೆ, ಒಂದು ಸಲ ಮಲಗಿದ ಮಗು, ಒಂದು ಸಲ ಮುಚ್ಚಿದ ಬಾಗಿಲು. ಕಳೆದ ಸಲ ಒಂದು ತಂಡ ಇದನ್ನು ಗೊತ್ತಿಲ್ಲದವರಿಗೆ ತೋರಿಸಿದಾಗ, ಬಾಗಿಲಿನ ಆವೃತ್ತಿ ನೋಡಿದ ಒಬ್ಬರು "ಈ ಹುಡುಗ ಚೆನ್ನಾಗಿ ನಟಿಸಿದ್ದಾನೆ, ಹೆದರಿಕೆ ಕಣ್ಣಲ್ಲೇ ಕಾಣುತ್ತೆ" ಅಂದರು. ಆ ಹುಡುಗ ಅಲ್ಲೇ ನಿಂತಿದ್ದ. ಅವನು ಆ ಹೊತ್ತು ಏನನ್ನೂ ಯೋಚಿಸುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೀನ್ ಕಟ್ ಮೇಲೆ ಯಾಕೆ ಅಷ್ಟು ನಂಬಿಕೆ ಇಟ್ಟ, ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಿನ್ ಯಾಕೆ ಕತ್ತರಿಸದ ದೀರ್ಘ ಶಾಟಿನ ಪರ ನಿಂತ ಅಂತ ಓದಿದರೆ ಅದು ನಿಮ್ಮದೇ ಜಗಳ ಅನ್ನಿಸುತ್ತದೆ.

ಇನ್ನೊಂದು ಅಭ್ಯಾಸ. 1895ರಲ್ಲಿ ಫ್ರಾನ್ಸಿನ ಲೂಮಿಯೆರ್ ಸಹೋದರರು ತೋರಿಸಿದ ಮೊದಲ ಚಿತ್ರಗಳು ಸುಮಾರು 50 ಸೆಕೆಂಡಿನವು. ಒಂದೇ ಶಾಟ್, ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ. ನೀವೂ ಹಾಗೇ ಒಂದು ತೆಗೆಯಿರಿ. ಕ್ಯಾಮೆರಾ ಎಲ್ಲಿಡಬೇಕು, ಯಾವ ಕ್ಷಣದಲ್ಲಿ ಶುರು ಮಾಡಬೇಕು, ಈ ಎರಡೇ ನಿರ್ಧಾರ ನಿಮ್ಮ ಕೈಯಲ್ಲಿ. ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ಖುಷಿ ಹೋಗುವ ಬಗ್ಗೆ ಕೇಳಿದ್ದಿರಿ. ಮೊದಲ ಸಲ ಪೆನ್ನು ಮುಟ್ಟದೆ ನೋಡಿ. ನಗು ಬಂದರೆ ನಗಿ, ಅಳು ಬಂದರೆ ಅಳಿ. ಮುಗಿದ ಮೇಲೆ ನೆನಪಲ್ಲಿ ಉಳಿದ ಮೂರು ಜಾಗ ಬರೆದಿಟ್ಟುಕೊಳ್ಳಿ. ಪೆನ್ನು ಹಿಡಿದು ಎರಡನೇ ಸಲ ನೋಡುವುದು ಆ ಮೂರು ಜಾಗಕ್ಕೆ ಮಾತ್ರ.

ಉತ್ತರ (ಒಮ್ಮೆ ಎಲ್ಲ ಕಳಕೊಂಡವಳು)

ಚಿಕ್ಕದಾಗಿ ಒಂದೇ ಮಾತು. ನಮ್ಮ ತಂಡದ ಎರಡು ದಿನದ ಶೂಟಿಂಗ್ ಒಂದೇ ಲ್ಯಾಪ್‌ಟಾಪಿನಲ್ಲಿತ್ತು. ಸಲ್ಲಿಸಲು ಹತ್ತು ದಿನ ಇದ್ದಾಗ ಅದು ಕೆಟ್ಟಿತು. ನಟಿಸಿದ ಹುಡುಗಿ ಅಷ್ಟರಲ್ಲಿ ಕೂದಲು ಕತ್ತರಿಸಿಕೊಂಡಿದ್ದಳು. ಶೂಟ್ ಮಾಡಿದ ದಿನವೇ ಮೂರು ಪ್ರತಿ ಮಾಡಿ, ಒಂದು ಬೇರೆಯವರ ಮನೆಯಲ್ಲಿರಲಿ. ಅಲ್ಲಿಯವರೆಗೆ ಫೋನಿನಿಂದ ಏನನ್ನೂ ಅಳಿಸಬೇಡಿ. ಯಾರು ಇದನ್ನು ನೋಡಿಕೊಳ್ಳುತ್ತಾರೆ ಅಂತ ಇವತ್ತೇ ಒಬ್ಬರ ಹೆಸರು ಬರೆದಿಡಿ. "ಎಲ್ಲರೂ ನೋಡಿಕೊಳ್ಳೋಣ" ಅಂದುಕೊಂಡೇ ನಮಗೆ ಹೀಗಾಯಿತು.

ಪ್ರಶ್ನೆ ಕೇಳಿದವರು, ಮೂರು ದಿನ ಬಿಟ್ಟು

50 ಸೆಕೆಂಡಿನ ಶಾಟ್ ತೆಗೆದೆ. ಕಾಲೇಜಿನ ಮೆಟ್ಟಿಲು. ಫೋನನ್ನು ಕೆಳಗಿನ ಮೆಟ್ಟಿಲ ಮೇಲೆ ಪುಸ್ತಕಕ್ಕೆ ಒರಗಿಸಿ ಇಟ್ಟೆ. ಮೊದಲ ನಾಲ್ಕು ಸಲ ಏನೂ ಆಗಲಿಲ್ಲ, ಕಾಲುಗಳು ಹತ್ತಿದವು, ಇಳಿದವು. ಐದನೇ ಸಲ 38ನೇ ಸೆಕೆಂಡಿಗೆ ಒಬ್ಬಳು ಬೇಗ ಬೇಗ ಇಳಿದು ಬಂದಳು. ಅರ್ಧಕ್ಕೆ ನಿಂತಳು. ಕೈಯಲ್ಲಿದ್ದ ಹಾಳೆ ನೋಡಿದಳು. ಮಡಚಿ ಜೇಬಿಗೆ ಹಾಕಿಕೊಂಡು ವಾಪಸ್ ಮೇಲೆ ಹೋದಳು. ಮುಖ ಫ್ರೇಮಿಗೆ ಬಂದೇ ಇಲ್ಲ. ಆದರೂ ಇದನ್ನು ಹತ್ತು ಸಲ ನೋಡಿದ್ದೇನೆ. ನಮ್ಮ ಕಿರುಚಿತ್ರದ ಕಥೆ ಬಿಟ್ಟು ಇದರಿಂದಲೇ ಶುರು ಮಾಡೋಣ ಅಂತ ತಂಡದವರೂ ಹೇಳುತ್ತಿದ್ದಾರೆ.

ಉತ್ತರ (ಕಳೆದ ವರ್ಷ ಕೋರ್ಸ್ ಮುಗಿಸಿದವಳು)

ಖಂಡಿತ ಮಾಡಿ. ನಿಮ್ಮದೇ ನಟಿಯನ್ನು ಇಟ್ಟುಕೊಂಡು ಅದೇ ಮೆಟ್ಟಿಲಲ್ಲಿ ಮತ್ತೆ ತೆಗೆಯಿರಿ, ಆ ಹುಡುಗಿಯನ್ನು ಕೇಳದೆ ಅವಳ ಶಾಟ್ ಬಳಸಬೇಡಿ. ಮತ್ತೆ ಆ ಹಾಳೆಯಲ್ಲಿ ಏನಿತ್ತು ಅಂತ ತೋರಿಸುತ್ತೀರಾ ಇಲ್ಲವಾ, ಶೂಟಿಂಗಿಗೆ ಮುಂಚೆಯೇ ನಾಲ್ಕೂ ಜನ ಕೂತು ತೀರ್ಮಾನ ಮಾಡಿಕೊಳ್ಳಿ. ನಾನಾಗಿದ್ದರೆ ತೋರಿಸುತ್ತಿರಲಿಲ್ಲ.