ಒಂದೇ ಫಾರ್ಮಿನಲ್ಲಿ ಎಷ್ಟು ಬೇಕಾದರೂ ಸಾಲು ಸೇರಿಸಬೇಕು. ಮಾಡಿದವರು ಅನುಭವ ಹೇಳಿ

ಹೊಸಬ: ಊರಿನ ಸಹಕಾರ ಸಂಘಕ್ಕೆ ಸದಸ್ಯರ ಕುಟುಂಬದ ವಿವರ ತುಂಬುವ ಫಾರ್ಮ್ ಮಾಡುತ್ತಿದ್ದೇನೆ, ಪೈಥಾನ್‌ನ ವೆಬ್ ಚೌಕಟ್ಟು ಜ್ಯಾಂಗೋದಲ್ಲಿ. ಒಂದು ಮನೆಯಲ್ಲಿ ಇಬ್ಬರು, ಇನ್ನೊಂದರಲ್ಲಿ ಹದಿನೈದು ಜನ. 'ಇನ್ನೊಬ್ಬರನ್ನು ಸೇರಿಸಿ' ಅಂತ ಬಟನ್ ಬೇಕು. ಹಲವು ಸಾಲುಗಳನ್ನು ಒಟ್ಟಿಗೆ ನಿಭಾಯಿಸಲು ಜ್ಯಾಂಗೋದಲ್ಲೇ ಇರುವ ಫಾರ್ಮ್‌ಸೆಟ್ ಸಾಕಾ, ಬ್ರೌಸರಿನಲ್ಲೇ ಪುಟ ಕಟ್ಟುವ ರಿಯಾಕ್ಟ್ ತರಬೇಕಾ?

ಮಂಡಿಲೆಕ್ಕ: ಅದೆಲ್ಲ ಆಮೇಲೆ, ಮೊದಲು ಮಿತಿ ನೋಡಿಕೊಳ್ಳಿ. ಒಂದು ಅಡಿಕೆ ಮಂಡಿಗೆ ಪಿಎಚ್‌ಪಿಯಲ್ಲಿ ದಿನದ ಆವಕದ ಫಾರ್ಮ್ ಮಾಡಿಕೊಟ್ಟಿದ್ದೆ. ರೈತರ ಹೆಸರು, ಬಗೆ, ಚೀಲ, ತೂಕ, ದರ, ಮೊತ್ತ. ಸಾಲಿಗೆ ಆರು ಖಾನೆ. ಸೀಸನ್ ಶುರುವಾದ ಮೇಲೆ ಸಂಜೆ ಲೆಕ್ಕ ತಾಳೆಯೇ ಆಗುತ್ತಿರಲಿಲ್ಲ. ರಾಶಿ ಬಗೆಯ ಅಡಿಕೆ ಸರಿಯಿದೆ, ಬೆಟ್ಟೆ ಬಗೆಯ ಚೀಲಗಳು ಮಾಯ! ಎಲ್ಲರಿಗೂ ಅನುಮಾನ ಗುಮಾಸ್ತರ ಮೇಲೆ, ಪಾಪ. ನೋಡಿದರೆ ಪಿಎಚ್‌ಪಿ 5.3.9ರಿಂದ ಇರುವ 'ಮ್ಯಾಕ್ಸ್ ಇನ್‌ಪುಟ್ ವಾರ್ಸ್' ಮಿತಿ, ಅಂದರೆ ಒಂದು ಸಲಕ್ಕೆ ತೆಗೆದುಕೊಳ್ಳುವ ಖಾನೆ 1000. ಮೇಲೆ ದಿನಾಂಕ, ಟೋಕನ್ ಅಂತ ನಾಲ್ಕು ಖಾನೆ, 166 ಸಾಲಿಗೆ 996. ಅಲ್ಲಿಗೆ ಸಾವಿರ ಭರ್ತಿ. 167ನೇ ಸಾಲಿನಿಂದ ಕತ್ತರಿಸಿ ಬಿಸಾಕಿ, ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ. ಬೆಟ್ಟೆಯನ್ನು ಕೊನೆಗೆ ಹೊಡೆಯುತ್ತಿದ್ದರು, ಹಾಗಾಗಿ ಅದೇ ಹೋಯಿತು. ಈ ಮಿತಿಯನ್ನು ಕೋಡ್ ಒಳಗಿಂದ ಏರಿಸಲು ಬರುವುದಿಲ್ಲ, ಸೆಟ್ಟಿಂಗ್ ಫೈಲ್ ಮುಟ್ಟಬೇಕು. ಹೋಸ್ಟಿಂಗ್‌ನವರು ಮುಟ್ಟಲು ಬಿಡಲಿಲ್ಲ. ಬೇರೆ ಸರ್ವರ್ ಹಿಡಿದೆ, ಬಾಡಿಗೆ ನನ್ನ ಜೇಬಿನಿಂದ. ಮಂಡಿಯವರು ಬಾಕಿ ಹಣವನ್ನೂ ಕೊಡಲಿಲ್ಲ.

ಹಾವಾಡಿಗ: ಇದಕ್ಕೇ ಪಿಎಚ್‌ಪಿ ಬೇಡ ಅನ್ನೋದು. ಫಾರ್ಮ್‌ಸೆಟ್‌ನಲ್ಲಿ ಇಷ್ಟು ವರ್ಷ ಒಂದು ಸಾಲೂ ಕಳೆದಿಲ್ಲ. ಎಂಪ್ಟಿ ಫಾರ್ಮ್ ಅನ್ನೋ ಖಾಲಿ ಸಾಲಿನ ಅಚ್ಚು ತಗೊಳ್ಳಿ, ಅದರಲ್ಲಿರುವ 'ಪ್ರಿಫಿಕ್ಸ್' ಜಾಗಕ್ಕೆ ಸಾಲಿನ ನಂಬರ್ ಹಾಕಿ, ಒಟ್ಟು ಸಾಲಿನ ಲೆಕ್ಕ ಇಡುವ ಟೋಟಲ್ ಫಾರ್ಮ್ಸ್ ಒಂದು ಏರಿಸಿ. ಮುಗೀತು. ಅಳಿಸುವಾಗ ಮಾತ್ರ ಹುಷಾರು. ನಮ್ಮ ಆಫೀಸಿಗೆ ಬಂದ ಹುಡುಗ ಮಧ್ಯದ ಸಾಲನ್ನು ಪುಟದಿಂದಲೇ ಕಿತ್ತು ಟೋಟಲ್ ಒಂದು ಇಳಿಸಿದ. ಸಾಲಿನ ನಂಬರ್ 0ಯಿಂದ ಶುರು; 0, 1, 2ರಲ್ಲಿ ಉಳಿದದ್ದು 0 ಮತ್ತು 2. ಟೋಟಲ್ 2 ಅಂದರೆ ಜ್ಯಾಂಗೋ ನೋಡುವುದು 0 ಮತ್ತು 1 ಮಾತ್ರ. ಕೊನೆಯವರು ಗಾಳಿಗೆ. ಸಾಲನ್ನು ಕೀಳಬೇಡಿ, ಡಿಲೀಟ್ ಟಿಕ್ ಹಾಕಿ ಮರೆ ಮಾಡಿ.

ಮಂಡಿಲೆಕ್ಕ: ಸಾಲೇ ಕಳೆದಿಲ್ಲ ಅಂದಿರಿ, ಆಮೇಲೆ ಕೊನೆಯವರು ಗಾಳಿಗೆ ಅಂದಿರಿ. ಯಾವುದು ನಿಜ? ಜ್ಯಾಂಗೋದಲ್ಲೂ 1.10ರಿಂದ 1000 ಖಾನೆಯ ಮಿತಿ ಇದೆ ಸ್ವಾಮಿ.

ಹಾವಾಡಿಗ: ಇದೆ. ಆದರೆ ಅದು 400 ಅನ್ನೋ ದೋಷ ತೋರಿಸಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಯಾರ ಬೆಟ್ಟೆಯನ್ನೂ ನುಂಗುವುದಿಲ್ಲ.

ಕಾಂಪೊನೆಂಟಪ್ಪ: 2024 ಆದ ಮೇಲೂ ಟೋಟಲ್ ಫಾರ್ಮ್ಸ್ ಕೈಯಲ್ಲಿ ಎಣಿಸುವವರಿದ್ದಾರಾ! ನಾವು ರಿಯಾಕ್ಟ್‌ಗೆ ಫಾರ್ಮ್ ಮಾಡಿಕೊಡುವ ರಿಯಾಕ್ಟ್ ಹುಕ್ ಫಾರ್ಮ್‌ನಲ್ಲಿ ಸಾಲು ಸೇರಿಸಿ ಅಳಿಸುವ ಯೂಸ್ ಫೀಲ್ಡ್ ಅರೇ ಹಾಕಿದೆವು. ಸಾಲುಗಳೆಲ್ಲ ಒಂದು ಜೇಸನ್, ಅಂದರೆ ಒಂದೇ ಪಠ್ಯದ ಕಟ್ಟು ಆಗಿ ಹೋಗುತ್ತವೆ, ಸಾವಿರದ ರಗಳೆಯೇ ಇಲ್ಲ. ಸಾಲನ್ನು ಗುರುತಿಸುವ ಕೀ ಜಾಗದಲ್ಲಿ ಇಂಡೆಕ್ಸ್ (ಎಷ್ಟನೇ ಸಾಲು ಅನ್ನೋ ನಂಬರ್) ಹಾಕಬೇಡಿ ಅಷ್ಟೇ. ಹಿಂದಿನ ಏಜೆನ್ಸಿಯವರು ಹಾಕಿಟ್ಟಿದ್ದರು. ಎರಡನೆಯವರನ್ನು ಅಳಿಸಿದರೆ ಮೂರನೆಯವರಿಗೆ ಎರಡನೆಯವರ ವಯಸ್ಸು ಅಂಟಿಕೊಳ್ಳುತ್ತಿತ್ತು. ಅಜ್ಜಿಗೆ ಏಳು ವರ್ಷ, ಮೊಮ್ಮಗನಿಗೆ ಎಪ್ಪತ್ತು.

ಹಾವಾಡಿಗ: ಹದಿನೈದು ಜನರ ಹೆಸರು ಬರೆಯಲು ಇಡೀ ರಿಯಾಕ್ಟ್! ಇಲಿ ಹಿಡಿಯಲು ಬೆಟ್ಟ ಅಗೆದರಂತೆ.

ಕಾಂಪೊನೆಂಟಪ್ಪ: ನಿಮ್ಮ ಹುಡುಗ ಎಷ್ಟು ಜನರನ್ನು ಕಳೆದ ಅಂತ ಮೊದಲು ಎಣಿಸಿ.

ಸರ್ವೇ ಅಕ್ಕ: ಹೋಗಲಿ ಬಿಡಿ ಇಬ್ಬರೂ. ಇಡೀ ಫಾರ್ಮನ್ನು ಕೊನೆಗೆ ಒಂದೇ ಸಲ ಕಳಿಸುವುದೇ ತಪ್ಪು. ಮಲೆನಾಡಿನಲ್ಲಿ ಮನೆಮನೆ ಸರ್ವೇ ಮಾಡಿಸಿದ್ದೇವೆ. ಹದಿಮೂರನೆಯವರ ಹೆಸರು ಹೊಡೆಯುವಾಗ ಕರೆಂಟ್ ಹೋದರೆ ಹನ್ನೆರಡೂ ಹೋದವು. ಎರಡನೇ ಸಲ ಕೇಳಲು ಹೋದರೆ ಮನೆಯವರು ಬೈಯುತ್ತಾರೆ, ಹುಡುಗಿಯರಿಗೆ ಮತ್ತೊಂದು ದಿನದ ಭತ್ಯೆ ಕೊಡಬೇಕು. ನಾವು ಪುಟದ ತುಂಡನ್ನಷ್ಟೇ ಸರ್ವರ್‌ಗೆ ಕಳಿಸಬಲ್ಲ ಎಚ್‌ಟಿಎಂಎಕ್ಸ್ ಹಾಕಿ ಒಂದೊಂದು ಸಾಲನ್ನೂ ಆಗಾಗಲೇ ಉಳಿಸಿದೆವು. ಜೀವ ಬಂತು.

ಮಂಡಿಲೆಕ್ಕ: ಅರ್ಧಕ್ಕೆ ನಿಂತ ಮನೆಗಳು ಡೇಟಾಬೇಸ್‌ನಲ್ಲಿ ಹಾಗೇ ಕೊಳೆಯುತ್ತವಲ್ಲ ಅಕ್ಕಾ?

ಸರ್ವೇ ಅಕ್ಕ: 'ಕರಡು' ಅಂತ ಒಂದು ಗುರುತು ಇರುತ್ತದಪ್ಪ. ನಮ್ಮ ನಿಜವಾದ ತಲೆನೋವು ಬೇರೆಯೇ. ಆಪರೇಟರ್‌ಗಳು ಹಳೇ ಪಟ್ಟಿಯಿಂದ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಚಿತ್ರ ತೋರಿಸುವ ಹಳೇ ಫಾಂಟ್) ಹೆಸರು ಪೇಸ್ಟ್ ಮಾಡಿದರು. ಫಾರ್ಮ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಹಾವಾಡಿಗ: ಯೂನಿಕೋಡ್ ಕನ್ವರ್ಟರ್ ಹಾಕಿದ್ದರೆ ಆಗುತ್ತಿತ್ತು.

ಸರ್ವೇ ಅಕ್ಕ: ಹಾಕದೆ ಬಿಟ್ಟೆವಾ? ಒತ್ತಕ್ಷರ ಬಂದ ಕಡೆಯೆಲ್ಲ ಎಡವಿತು. ಕೈಯಲ್ಲೇ ತಿದ್ದಿಸಿದೆವು, ದುಡ್ಡು ಕೊಟ್ಟು.

ಕಾಂಪೊನೆಂಟಪ್ಪ: ಸರ್ಕಾರಿ ಆಫೀಸುಗಳು 'ನುಡಿ' ಕನ್ನಡ ತಂತ್ರಾಂಶವನ್ನು ಆಸ್ಕಿಯಲ್ಲೇ ಬಳಸುವ ತನಕ ಇದು ತಪ್ಪಿದ್ದಲ್ಲ.

ಮಂಡಿಲೆಕ್ಕ: ನುಡಿಯಲ್ಲಿ ಯೂನಿಕೋಡ್ ಬಂದು ಕಾಲವಾಯಿತು. ಗೊತ್ತಿಲ್ಲದೆ ಮಾತಾಡಬೇಡಿ.

ಕಾಂಪೊನೆಂಟಪ್ಪ: ಬಂದಿದೆ ಅಂತ ನನಗೂ ಗೊತ್ತು. ಬಳಸುತ್ತಾರಾ ಅಂತ ಕೇಳಿದ್ದು.

ಹೊಸಬ: ಹಾಗಾದರೆ ಫಾರ್ಮ್‌ಸೆಟ್ ಅಂತ ಇಟ್ಟುಕೊಳ್ಳಲಾ?

ಸರ್ವೇ ಅಕ್ಕ: ಅದಿರಲಿ ತಮ್ಮಾ, ಸಂಘದ ಕಂಪ್ಯೂಟರ್‌ನಲ್ಲಿ ಯಾವ ಫಾಂಟ್ ಇದೆ?