ಸ್ಟಾಕ್‌ಹೋಮ್ ಸಂಧಾನದ ಇವೆಂಟ್ ಬರುತ್ತಲೇ ಇಲ್ಲ, ತಲೆ ಕೆಟ್ಟಿದೆ (1943, ಜರ್ಮನಿ-ಸೋವಿಯತ್ ಮಾಡ್)

ಕೆಂಪುದೀಪ
ನಮಸ್ಕಾರ. ಎರಡನೇ ಮಹಾಯುದ್ಧದ ಸ್ಟ್ರಾಟಜಿ ಗೇಮ್‌ಗೆ ಒಂದು ಮಾಡ್ (ಗೇಮ್ ಬದಲಿಸುವ ಫೈಲ್‌ಗಳು) ಮಾಡುತ್ತಿದ್ದೇನೆ. ಅದರಲ್ಲಿ 1943ರಲ್ಲಿ ಜರ್ಮನಿ ಮತ್ತು ಸೋವಿಯತ್ ಬೇರೆಯವರನ್ನು ಬಿಟ್ಟು ತಾವಿಬ್ಬರೇ ಶಾಂತಿ ಮಾಡಿಕೊಳ್ಳಬೇಕು. ಸ್ಟಾಕ್‌ಹೋಮ್‌ನಲ್ಲಿ ಗುಟ್ಟಾಗಿ ಮಾತುಕತೆ, ಆಮೇಲೆ ಒಪ್ಪಂದ. ಇದಕ್ಕೆ ಇವೆಂಟ್ (ಪರದೆಗೆ ಬಂದು ಆಯ್ಕೆ ಕೇಳುವ ಘಟನೆ) ಬರೆದಿದ್ದೇನೆ, ಬ್ರಾಕೆಟ್ ಎಲ್ಲ ಸರಿ ಇದೆ. ಆದರೆ ಬರುವುದೇ ಇಲ್ಲ. 1944 ಆಯಿತು, ಕೆಂಪು ಸೇನೆ ಪೋಲೆಂಡಿಗೆ ನುಗ್ಗಿತು, ಶಾಂತಿಯೂ ಇಲ್ಲ, ಮಣ್ಣೂ ಇಲ್ಲ. ವಾರಾಂತ್ಯವೆಲ್ಲ ಇದಕ್ಕೇ ಹೋಯಿತು. ಬೇಗ ಯಾರಾದರೂ ಹೇಳಿ.

ಲಾಗ್‌ರಾಯ
ಯಾವ ವರ್ಷನ್? ಬೇರೆ ಮಾಡ್ ಆನ್ ಇದೆಯಾ? ಎರರ್ ಲಾಗ್ ಎಲ್ಲಿ? ಟ್ರಿಗರ್‌ನಲ್ಲಿ, ಅಂದರೆ ಇವೆಂಟ್ ಬರಲು ಬೇಕಾದ ಷರತ್ತಿನಲ್ಲಿ, ಏನು ಬರೆದಿದ್ದೀರಿ? ಇದ್ಯಾವುದೂ ಹೇಳದೆ ಸುಮ್ನೆ "ಬರುವುದಿಲ್ಲ" ಅಂದರೆ ನಾವೇನು ಕವಡೆ ಹಾಕಿ ನೋಡಬೇಕಾ?

ಕೆಂಪುದೀಪ
ಹೊಸ ವರ್ಷನ್ನೇ, ಇನ್ಯಾವುದು. ಲಾಗ್ ಖಾಲಿ. ಟ್ರಿಗರ್ ಸರಳ: 1943ರ ಫೆಬ್ರವರಿ 2 (ಸ್ಟಾಲಿನ್‌ಗ್ರಾಡ್ ಕಾಳಗ ಮುಗಿದ ದಿನ) ದಾಟಿರಬೇಕು, ಜುಲೈ 5 (ಕುರ್ಸ್ಕ್ ಕಾಳಗ ಶುರುವಾದ ದಿನ) ಬಂದಿರಬಾರದು, ಇಬ್ಬರ ನಡುವೆ ಯುದ್ಧ ಇರಬೇಕು, ಸ್ಟಾಲಿನ್‌ಗ್ರಾಡ್ ಸೋವಿಯತ್ ಕೈಯಲ್ಲಿ, ಕೀವ್ ಜರ್ಮನಿ ಕೈಯಲ್ಲಿ. ಮೊದಲು ಸೋವಿಯತ್‌ಗೆ ಇವೆಂಟ್, ಅವರು ಒಪ್ಪಿದರೆ ಜರ್ಮನಿಗೆ ಎರಡನೇ ಇವೆಂಟ್. ಇಷ್ಟೇ.

ಯುಟಿಎಫ್_ಭಟ್ಟ
ಲೋಕಲೈಸೇಶನ್ ಫೈಲ್ (ಪರದೆಯ ಅಕ್ಷರ ಇರುವ ಫೈಲ್) ಹೇಗೆ ಸೇವ್ ಮಾಡಿದ್ದೀಯ ಗುರು? ಯುಟಿಎಫ್-8 ಎನ್‌ಕೋಡಿಂಗ್ ಜೊತೆ ಬಿಒಎಂ (ಫೈಲ್ ಶುರುವಿನ ಅಡಗಿದ ಗುರುತು) ಇರಲೇಬೇಕು. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದರೆ ಕೆಲವು ಸಲ ಬಿಒಎಂ ಹೋಗಿರುತ್ತದೆ. ನೂರಕ್ಕೆ ತೊಂಬತ್ತು ಇದೇ ತೊಂದರೆ.

ಲಾಗ್‌ರಾಯ
ಭಟ್ಟರೇ, ಬಿಒಎಂ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಕೋಡ್ ಕಾಣಿಸುತ್ತದೆ, ಅಷ್ಟೇ. ಇವೆಂಟ್ ನಿಲ್ಲುವುದಿಲ್ಲ.

ಯುಟಿಎಫ್_ಭಟ್ಟ
ನಿಲ್ಲುವುದನ್ನು ನಾನು ನೋಡಿದ್ದೇನೆ. ಮೊದಲು ಫೈಲ್ ಮತ್ತೆ ಸೇವ್ ಮಾಡಲಿ, ಆಮೇಲೆ ಮಾತಾಡೋಣ.

ಕೆಂಪುದೀಪ
ಮಾಡಿದೆ. ಏನೂ ಬದಲಾಗಿಲ್ಲ.

ಯುಟಿಎಫ್_ಭಟ್ಟ
ಫೈಲ್ ಹೆಸರಿನಲ್ಲಿ ಭಾಷೆಯ ಹೆಸರು ಸರಿ ಇದೆಯಾ? ಮೊದಲ ಸಾಲಿನ ಕೊನೆಗೆ ಕೋಲನ್ ಇದೆಯಾ? ಮುಂದಿನ ಸಾಲುಗಳಿಗೆ ಒಂದು ಸ್ಪೇಸ್ ಬಿಟ್ಟಿದ್ದೀಯಾ?

ವೋಲ್ಗಾ_ವಾಸು
ಸ್ಪೇಸ್ ಗೀಸ್ ಬಿಡಿ. ನನಗೆ ಮೂಲದಲ್ಲೇ ಅನುಮಾನ. ಸ್ಟಾಲಿನ್‌ಗ್ರಾಡ್ ಗೆದ್ದ ಸ್ಟಾಲಿನ್ ಯಾಕೆ ಸಂಧಿಗೆ ಬರುತ್ತಾನೆ? 1942ರ ಜನವರಿ 1ರ ಸಂಯುಕ್ತ ರಾಷ್ಟ್ರಗಳ ಘೋಷಣೆಗೆ ಸೋವಿಯತ್ ಸಹಿ ಹಾಕಿದೆ, ಪ್ರತ್ಯೇಕ ಶಾಂತಿ ಮಾಡಿಕೊಳ್ಳುವುದಿಲ್ಲ ಅಂತ. ಬ್ರಿಟನ್ ಜೊತೆ 1941ರ ಜುಲೈನಲ್ಲೇ ಇದೇ ಮಾತು ಕೊಟ್ಟಾಗಿತ್ತು. ಮಾಡ್ ಮಾಡುವುದಾದರೆ 1941ರ ಬೇಸಿಗೆಗೆ ಮಾಡಿ. ಆಗ ಸೋವಿಯತ್ ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾನ ಕಡೆಯಿಂದ ಗೂಢಚಾರ ಅಧಿಕಾರಿ ಸುಡೊಪ್ಲಾಟೊವ್ ಬಲ್ಗೇರಿಯದ ರಾಯಭಾರಿ ಸ್ಟಾಮೆನೊವ್ ಹತ್ತಿರ ಮಾತು ತೆಗೆದಿದ್ದ. ಏನು ಕೊಟ್ಟರೆ ಹಿಟ್ಲರ್ ನಿಲ್ಲಿಸುತ್ತಾನೆ ಅನ್ನುವ ಥರ. ಅದು ನಿಜವಾದ ಗತಿಗೇಡಿನ ಕಾಲ.

ಕೆಂಪುದೀಪ
ಸರ್, ನಾನು ಕೇಳಿದ್ದು ಕೋಡ್ ಬಗ್ಗೆ. ಆದರೂ ಹೇಳುತ್ತೇನೆ. 1943ರ ಮೊದಲರ್ಧದಷ್ಟು ಸ್ಟಾಲಿನ್‌ಗೆ ಮಿತ್ರರ ಮೇಲೆ ಸಿಟ್ಟು ಬಂದ ಕಾಲ ಇನ್ನೊಂದಿಲ್ಲ. ಮಾರ್ಚ್‌ನಲ್ಲಿ ಜರ್ಮನ್ ಸೇನಾಪತಿ ಮ್ಯಾನ್‌ಸ್ಟೈನ್ ಖಾರ್ಕೊವ್ ವಾಪಸ್ ಹಿಡಿದ. ಅದೇ ತಿಂಗಳ ಕೊನೆಗೆ ಚರ್ಚಿಲ್, ಆರ್ಕ್ಟಿಕ್ ಮೂಲಕ ಸರಕು ತರುವ ಹಡಗಿನ ಸಾಲು ಸದ್ಯಕ್ಕೆ ಬರುವುದಿಲ್ಲ ಅಂದ. ಏಪ್ರಿಲ್‌ನಲ್ಲಿ ಕಟಿನ್ ಗೋರಿಗಳ (ಸೋವಿಯತ್ ಕೊಂದ ಪೋಲಿಷ್ ಅಧಿಕಾರಿಗಳದು) ಸುದ್ದಿ, ಲಂಡನ್‌ನಲ್ಲಿದ್ದ ಪೋಲೆಂಡ್ ಸರ್ಕಾರದ ಜೊತೆ ಸಂಬಂಧ ಕಡಿತ. ಜೂನ್‌ನಲ್ಲಿ, ಫ್ರಾನ್ಸ್‌ನಲ್ಲಿ ಎರಡನೇ ರಂಗ 1944ಕ್ಕೆ ಅಂತ ತಿಳಿಸಿದರು. ಲಂಡನ್‌ನಿಂದ ಮೈಸ್ಕಿ, ವಾಷಿಂಗ್ಟನ್‌ನಿಂದ ಲಿಟ್ವಿನೊವ್, ಇಬ್ಬರು ರಾಯಭಾರಿಗಳನ್ನೂ ಸ್ಟಾಲಿನ್ ವಾಪಸ್ ಕರೆಸಿಕೊಂಡ. ಇದಕ್ಕಿಂತ ಒಳ್ಳೆಯ ಕಿಟಕಿ ಬೇಕಾ?

ವೋಲ್ಗಾ_ವಾಸು
ಅದೆಲ್ಲ ಮಿತ್ರರನ್ನು ಹೆದರಿಸುವ ಆಟ. ಸ್ಟಾಕ್‌ಹೋಮ್‌ನಲ್ಲಿ ಎಡ್ಗರ್ ಕ್ಲಾಸ್ ಅನ್ನುವ ದಲ್ಲಾಳಿ ಬಂದು ಜರ್ಮನ್ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪ್ ಕಡೆಯ ಪೀಟರ್ ಕ್ಲೈಸ್ಟ್‌ಗೆ "ಮಾಸ್ಕೋ ಮಾತಿಗೆ ಸಿದ್ಧ" ಅಂದ. ಇದನ್ನು ನಮಗೆ ಹೇಳಿದವನು ಯಾರು? ಯುದ್ಧ ಮುಗಿದ ಮೇಲೆ ಕ್ಲೈಸ್ಟೇ. ಕ್ಲಾಸ್ ಯಾರ ಪರ ಕೆಲಸ ಮಾಡುತ್ತಿದ್ದ ಅನ್ನುವುದೇ ಜಗಳದ ವಿಷಯ. ಅಂಥವನ ಮಾತಿನ ಮೇಲೆ ಮಾಡ್ ಕಟ್ಟುತ್ತೀರಾ?

ಟ್ಯಾಂಕ್_ತಿಮ್ಮ
ಇತಿಹಾಸ ಅಷ್ಟೊಂದು ಪಕ್ಕಾ ಬೇಕಿದ್ದರೆ ಮಾಡ್ ಯಾಕಣ್ಣ, ಪಾಠ ಓದಿಕೊಂಡಿರಬಹುದು 😄

ಅಂದಹಾಗೆ ನನ್ನ ಹೊಸ ಸಿಸ್ಟಂ ಬಂತು. 64 ಜಿಬಿ ರ್ಯಾಮ್. ಈ ಗೇಮ್ ಈಗ ಐದನೇ ಸ್ಪೀಡ್‌ನಲ್ಲಿ 1947 ತನಕ ತಡವರಿಸದೆ ಓಡುತ್ತದೆ.

ಯುಟಿಎಫ್_ಭಟ್ಟ
ಈ ಗೇಮ್‌ಗೆ 64 ಜಿಬಿ ದಂಡ. ಪ್ರೊಸೆಸರ್‌ನ ಒಂದೊಂದು ಕೋರ್ ಎಷ್ಟು ವೇಗ ಅನ್ನುವುದೇ ಮುಖ್ಯ. ಕೆಂಪುದೀಪ, ಸ್ಪೇಸ್ ನೋಡಿದೆಯಾ?

ಲಾಗ್‌ರಾಯ
ಒಂದು ನಿಮಿಷ. ನೀವು ಆಡುತ್ತಿರುವುದು ಯಾವ ದೇಶ?

ಕೆಂಪುದೀಪ
ಬ್ರಿಟನ್. ಶಾಂತಿ ಆದಮೇಲೆ ಒಬ್ಬಂಟಿಯಾದ ಬ್ರಿಟನ್ ಏನು ಮಾಡುತ್ತದೆ ಅನ್ನುವುದೇ ಮಾಡ್‌ನ ಕಥೆ. ಅದನ್ನು ಬೇರೆ ಹೇಳಬೇಕಿತ್ತಾ?

ಲಾಗ್‌ರಾಯ
ಹೇಳಬೇಕಿತ್ತು ಸ್ವಾಮಿ! ಸೋವಿಯತ್‌ಗೂ ಜರ್ಮನಿಗೂ ಹೋಗುವ ಇವೆಂಟ್ ಬ್ರಿಟನ್ ಪರದೆಯಲ್ಲಿ ಹೇಗೆ ಕಾಣುತ್ತದೆ? ಬಂದಿರುತ್ತದೆ, ಆ ದೇಶ ಆಡುವ ಎಐ ಬೇಡ ಅಂದಿರುತ್ತದೆ, ನಿಮಗೆ ಗೊತ್ತೂ ಆಗಿರುವುದಿಲ್ಲ. "ಒಮ್ಮೆ ಮಾತ್ರ" ಅಂತ ಬೇರೆ ಹಾಕಿದ್ದರೆ ಮತ್ತೆ ಬರುವುದೂ ಇಲ್ಲ. ಫೆಬ್ರವರಿ 1ರ ಸೇವ್ ತೆಗೆಯಿರಿ. ಕನ್ಸೋಲ್‌ನಲ್ಲಿ ಟ್ಯಾಗ್ (ನೀವು ಆಡುವ ದೇಶ) ಬದಲಿಸಿ ಜರ್ಮನಿಗೆ ಹೋಗಿ ಕಾಯಿರಿ. ಹಾಗೇ ಜರ್ಮನಿಯ ಉತ್ತರದಲ್ಲಿ ಎಐ ತೂಕ (ಯಾವ ಉತ್ತರದ ಕಡೆ ಎಷ್ಟು ಒಲವು) ಏನಿದೆ ಅಂತ ಇಲ್ಲಿ ಹಾಕಿ.

ಕೆಂಪುದೀಪ
ಜರ್ಮನಿಗೆ ಹೋದರೆ ಇವೆಂಟ್ ಬರುತ್ತದೆ! ಚಿತ್ರವೂ ಬರುತ್ತದೆ, ಅಕ್ಷರವೂ ಸರಿ ಇದೆ (ಭಟ್ಟರೇ, ಕೇಳಿಸಿತಾ). ತೂಕದಲ್ಲಿ ಹೀಗಿದೆ: ಒಪ್ಪಲು 50, ತಿರಸ್ಕರಿಸಲು 50. ಹಿಟ್ಲರ್ ನಾಯಕನಾಗಿದ್ದರೆ ಒಪ್ಪುವ ತೂಕವನ್ನು 0ಯಿಂದ ಗುಣಿಸು. ಈ ಕೊನೆಯ ಸಾಲು ಬೇರೆ ಮಾಡ್‌ನ ಟೆಂಪ್ಲೇಟ್‌ನಿಂದ ಬಂದಿದ್ದು.

ವೋಲ್ಗಾ_ವಾಸು
😂😂 ಹಾಗಾದರೆ ನಿಮ್ಮ ಗೇಮ್ ಕೆಟ್ಟಿಲ್ಲ. ಇತಿಹಾಸವನ್ನೇ ಆಡುತ್ತಿದೆ. 1942ರ ನವೆಂಬರ್ 8ರಂದು, ಮಿತ್ರಸೇನೆ ಉತ್ತರ ಆಫ್ರಿಕಾದಲ್ಲಿ ಇಳಿದ ದಿನವೇ, ರಿಬ್ಬೆನ್‌ಟ್ರಾಪ್ ರೈಲಿನಲ್ಲಿ ಹಿಟ್ಲರ್‌ನನ್ನು ಕಂಡ. ಸ್ಟಾಕ್‌ಹೋಮ್‌ನಲ್ಲಿರುವ ಸೋವಿಯತ್ ರಾಯಭಾರಿ ಕೊಲೊಂಟಾಯ್ ಮೂಲಕ ಸ್ಟಾಲಿನ್‌ಗೆ ಮಾತು ಮುಟ್ಟಿಸೋಣ ಅಂದ. ಬೈಸಿಕೊಂಡು ಬಂದ. ಡಿಸೆಂಬರ್‌ನಲ್ಲಿ ಮುಸೊಲಿನಿ ತನ್ನ ವಿದೇಶಾಂಗ ಮಂತ್ರಿ ಚಿಯಾನೊನನ್ನು ಕಳಿಸಿ ಅದನ್ನೇ ಹೇಳಿಸಿದ. ಬರ್ಲಿನ್‌ನಲ್ಲಿದ್ದ ಜಪಾನ್ ರಾಯಭಾರಿ ಓಶಿಮಾನೂ ಹೇಳಿ ಸೋತ. ಸೊನ್ನೆಯೇ ಸರಿಯಾದ ತೂಕ. ನಾನು ಇಷ್ಟೂ ಹೊತ್ತು ಸ್ಟಾಲಿನ್ ಒಪ್ಪುವುದಿಲ್ಲ ಅಂದೆ, ನಿಮ್ಮ ಕೋಡ್ ಹಿಟ್ಲರ್ ಒಪ್ಪುವುದಿಲ್ಲ ಅಂದಿದೆ. ಒಟ್ಟಿನಲ್ಲಿ ಶಾಂತಿ ಇಲ್ಲ.

ಕೆಂಪುದೀಪ
ಆ ಸಾಲು ತೆಗೆದು ಹಾಕಿದೆ. ಈಗ ಶಾಂತಿ ಆಗುತ್ತದೆ. ಆದರೆ ಹೊಸ ತಲೆನೋವು ಎರಡು. ಒಂದು, ವೈಟ್ ಪೀಸ್ (ಹಿಡಿದ ನೆಲ ಬಿಟ್ಟುಕೊಟ್ಟು ಮುಗಿಸುವ ಶಾಂತಿ) ಆದ ತಕ್ಷಣ ಉಕ್ರೇನ್ ಪೂರ್ತಿ ಸೋವಿಯತ್‌ಗೆ ವಾಪಸ್ ಹೋಗುತ್ತದೆ. ನನಗೆ ಗಡಿ ಡ್ನೀಪರ್ ನದಿಯಲ್ಲಿ ನಿಲ್ಲಬೇಕು. ಎರಡು, ಕೆಲವೇ ದಿನದಲ್ಲಿ ಮತ್ತೆ ಯುದ್ಧ!

ಲಾಗ್‌ರಾಯ
ಮೊದಲನೆಯದಕ್ಕೆ, ಒಪ್ಪಂದ ಆಗುವ ಮುಂಚೆ ಡ್ನೀಪರ್‌ನ ಪಶ್ಚಿಮದ ರಾಜ್ಯಗಳ ಮಾಲೀಕತ್ವವನ್ನು ಒಂದೊಂದಾಗಿ ಜರ್ಮನಿಗೆ ವರ್ಗ ಮಾಡಿ. ಎರಡನೆಯದು ರೊಮೇನಿಯ. ನೀವು ಇಬ್ಬರ ನಡುವೆ ಮಾತ್ರ ಶಾಂತಿ ಮಾಡಿದ್ದೀರಿ. ರೊಮೇನಿಯ, ಹಂಗೇರಿ, ಫಿನ್‌ಲ್ಯಾಂಡ್, ಇಟಲಿ ಇನ್ನೂ ಯುದ್ಧದಲ್ಲಿವೆ. ಅವು ಜರ್ಮನಿಯನ್ನು ಕರೆಯುತ್ತವೆ, ಜರ್ಮನಿ ಹೋಗುತ್ತದೆ. ಬಣದ ಪ್ರತಿಯೊಬ್ಬರಿಗೂ ವೈಟ್ ಪೀಸ್ ಹಾಕಿ. ಮೇಲೆ ಅನಾಕ್ರಮಣ ಒಪ್ಪಂದವೂ ಹಾಕಿ.

ಯುಟಿಎಫ್_ಭಟ್ಟ
ಡ್ನೀಪರ್ ಗಡಿ ಹಾಸ್ಯಾಸ್ಪದ. ಕ್ಲೈಸ್ಟ್ ಹೇಳಿದ ಪ್ರಕಾರವೇ, ಸೆಪ್ಟೆಂಬರ್‌ನಲ್ಲಿ ಕ್ಲಾಸ್ ತಂದಿದ್ದು 1914ರ ಗಡಿಯ ಬೇಡಿಕೆ. ಅಂದರೆ ಪೋಲೆಂಡ್‌ನ ದೊಡ್ಡ ಭಾಗವೂ ರಷ್ಯಾಕ್ಕೆ.

ವೋಲ್ಗಾ_ವಾಸು
ಸೆಪ್ಟೆಂಬರ್ ಅಂದರೆ ಕುರ್ಸ್ಕ್ ಮುಗಿದ ಮೇಲೆ. ಬೆಲೆ ಏರಿದೆ. ಫೆಬ್ರವರಿಯ ಮಾತೇ ಬೇರೆ. ಅದಿರಲಿ, ಕ್ಲಾಸ್‌ನನ್ನು ನಂಬಬೇಡಿ ಅಂದಿದ್ದು ನಾನು, ಈಗ ನೀವು ಅವನನ್ನೇ ಸಾಕ್ಷಿ ಕರೆಯುತ್ತಿದ್ದೀರಿ!

ಟ್ಯಾಂಕ್_ತಿಮ್ಮ
ನನ್ನ ಕೇಸ್‌ನಲ್ಲಿ ಆರು ಫ್ಯಾನ್. ಫೋಟೋ ಹಾಕಲಾ?

ಲಾಗ್‌ರಾಯ
ಬೇಡ.

ಕೆಂಪುದೀಪ
ರೊಮೇನಿಯ ಸರಿಯಾಯಿತು, ಗಡಿಯೂ ನಿಂತಿತು. ಧನ್ಯವಾದ. ಈಗ ಜರ್ಮನಿ ಪೂರ್ವದ ಸೈನ್ಯವನ್ನೆಲ್ಲ ಫ್ರಾನ್ಸ್‌ಗೆ ಸಾಗಿಸುತ್ತದೆ. ಬ್ರಿಟನ್ ಆಡುವವನಿಗೆ ಉಸಿರಾಡಲೂ ಜಾಗ ಇಲ್ಲ.

ಲಾಗ್‌ರಾಯ
ಪೂರ್ತಿ ಸೈನ್ಯ ಹೋಗಲು ಬಿಡಬೇಡಿ. 1918ರ ಮಾರ್ಚ್ 3ರಂದು ಜರ್ಮನಿ-ರಷ್ಯಾ ನಡುವಿನ ಬ್ರೆಸ್ಟ್-ಲಿಟೋವ್ಸ್ಕ್ ಶಾಂತಿಗೆ ಸಹಿ ಆಯಿತು, ಮಾರ್ಚ್ 21ಕ್ಕೆ ಪಶ್ಚಿಮದಲ್ಲಿ ಜರ್ಮನ್ ಸೇನಾಪತಿ ಲುಡೆನ್‌ಡಾರ್ಫ್ ದಾಳಿ. ಆದರೂ ಉಕ್ರೇನ್ ಕಾಯಲು, ಧಾನ್ಯ ಎತ್ತಲು ದೊಡ್ಡ ಸೈನ್ಯ ಅಲ್ಲೇ ಉಳಿಯಿತು. ಗಡಿ ರಾಜ್ಯಗಳಲ್ಲಿ ಪ್ರತಿರೋಧ ಜಾಸ್ತಿ ಮಾಡಿ, ಗ್ಯಾರಿಸನ್ (ಕಾವಲು ಪಡೆ) ಬೇಡಿಕೆ ಏರಿಸಿ. ಹೊಸ ಗಡಿ ಕಾಯುವುದಕ್ಕೆ ಎಐಗೆ ಹೆಚ್ಚು ತೂಕ ಕೊಡಿ. ಸ್ಟಾಲಿನ್‌ನನ್ನು ಹಿಟ್ಲರ್ ಎರಡನೇ ಸಲ ನಂಬುತ್ತಾನಾ? ಸ್ಟಾಲಿನ್ ನಂಬುತ್ತಾನಾ? ಇಬ್ಬರ ಸೈನ್ಯವೂ ಎದುರುಬದುರು ನಿಂತೇ ಇರಬೇಕು.

ಕೆಂಪುದೀಪ
ಗ್ಯಾರಿಸನ್ ಬೇಡಿಕೆಯ ಸಾಲು ಯಾವ ಫೈಲ್‌ನಲ್ಲಿ?

ಯುಟಿಎಫ್_ಭಟ್ಟ
ಯಾವ ಫೈಲ್ ಆದರೂ ಎನ್‌ಕೋಡಿಂಗ್ ನೋಡಿಕೋ.

ಬ್ರೆಸ್ಟ್_ಬಸು
ನನಗೂ ಇದೇ ತೊಂದರೆ, ಆದರೆ 1918ರ ಮಾಡ್‌ನಲ್ಲಿ. ಶಾಂತಿ ಆದಮೇಲೆ ಉಕ್ರೇನ್ ದೇಶವೇ ಹುಟ್ಟುವುದಿಲ್ಲ. ಯಾರಾದರೂ ನೋಡಿದ್ದೀರಾ?