ಮೆಟ್ಟಿಲ ಕಿಟಕಿಯ ಬಣ್ಣದ ಗಾಜು ಹೊಟ್ಟೆ ಬಿಟ್ಟಿದೆ, ಮಳೆ ನೀರು ಒಳಗೆ ಬರುತ್ತಿದೆ: ಸೀಸ ಕಿತ್ತು ತಾಮ್ರದ ಟೇಪ್ ಹಾಕಬಹುದಾ?

ಮಲ್ಲೇಶ್ವರದ_ಮನೆ:

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಲ್ಲಿ ತಾತ ಕಟ್ಟಿಸಿದ ಹಳೇ ಮನೆ ನಮ್ಮದು. ಮೆಟ್ಟಿಲು ತಿರುಗುವ ಕಡೆ, ಪಶ್ಚಿಮದ ಗೋಡೆಗೆ ಒಂದು ಬಣ್ಣದ ಗಾಜಿನ ಕಿಟಕಿ ಇದೆ. ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರ. ಹಸಿರು ಮತ್ತು ಜೇನಿನ ಬಣ್ಣದ ಚಿಕ್ಕ ಚಿಕ್ಕ ಗಾಜುಗಳು, ನಡುವೆ ಬೂದು ಬಣ್ಣದ ಪಟ್ಟಿ. ಪಟ್ಟಿ ಸೀಸದ್ದೇ. ಉಗುರಿನಿಂದ ಒತ್ತಿದರೆ ಗೀರು ಬೀಳುತ್ತದೆ.

ಈಗ ಅದರ ಕೆಳಗಿನ ಅರ್ಧ ಒಳಕ್ಕೆ ಹೊಟ್ಟೆ ಬಿಟ್ಟಿದೆ. ಉದ್ದ ಸ್ಕೇಲ್ ಅಡ್ಡ ಇಟ್ಟರೆ ಒಂದು ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಸಂದು. ಗಾಳಿ ಬೀಸಿದರೆ ಗಾಜು ಗಲಗಲ ಅನ್ನುತ್ತದೆ. ಎರಚಲು ಹೊಡೆದರೆ ಪಟ್ಟಿಯ ಅಂಚಿನಿಂದ ನೀರು ಇಳಿದು ಮೆಟ್ಟಿಲ ಮೇಲೆ ನಿಲ್ಲುತ್ತದೆ. ಎರಡು ಗಾಜು ಬಿರುಕು ಬಿಟ್ಟಿವೆ, ಆದರೆ ಉದುರಿಲ್ಲ.

ಬಂದು ನೋಡಿದ ಒಬ್ಬರು "ಸುತ್ತ ಸಿಲಿಕಾನ್ ಹೊಡೆದುಬಿಡೋಣ" ಎಂದರು. ಇನ್ನೊಬ್ಬರು "ಸೀಸದ ಆಯಸ್ಸು ಮುಗೀತು, ಎಲ್ಲ ಕಿತ್ತು ತಾಮ್ರದ ಟೇಪಿನಲ್ಲಿ ಜೋಡಿಸಿ" ಎಂದರು. ಲ್ಯಾಂಪ್‌ಶೇಡ್ ಮಾಡಿ ನನಗೆ ಟೇಪ್ ಕೆಲಸ ರೂಢಿ ಇದೆ. ಸೀಸದ ಕೆಲಸ ಗೊತ್ತಿಲ್ಲ. ಅದೇ ಗಾಜುಗಳನ್ನೇ ಟೇಪ್ ಹಾಕಿ ಮತ್ತೆ ಜೋಡಿಸಿದರೆ ನಡೆಯುತ್ತದಾ? ಮನೆಯಲ್ಲಿ ಚಿಕ್ಕ ಮಗು ಬೇರೆ ಇದೆ, ಸೀಸ ಅಂದರೆ ಸ್ವಲ್ಪ ಭಯ.

ಜಯನಗರ_ಲ್ಯಾಂಪ್:

ನಾನಾದರೆ ಟೇಪೇ ಹಾಕುತ್ತೇನೆ. ಪ್ರತಿ ಗಾಜಿನ ಅಂಚಿಗೂ ಟೇಪ್ ಸುತ್ತಿ, ಎರಡೂ ಕಡೆ ಸಂದಿನ ಉದ್ದಕ್ಕೂ ಬೆಸುಗೆ ಹರಿಸುತ್ತೇವೆ ಅಲ್ವಾ? ಅದು ಇಡೀ ಬಲೆಯಾಗಿ ಗಟ್ಟಿ ನಿಲ್ಲುತ್ತದೆ. ಸೀಸದ ಪಟ್ಟಿಯಲ್ಲಿ ಬೆಸುಗೆ ಇರುವುದು ಪಟ್ಟಿಗಳು ಸೇರುವ ಕಡೆ ಮಾತ್ರ. ಮೆತ್ತಗಿನ ಲೋಹ, ಬಾಗದೆ ಇನ್ನೇನು ಮಾಡುತ್ತದೆ? ನಿಮಗೆ ಟೇಪ್ ಗೊತ್ತು ಅಂದಮೇಲೆ ಹೊಸದು ಕಲಿಯುವ ಕಷ್ಟ ಯಾಕೆ?

ಸೀಸ_ಬೆಸುಗೆ:

ದಯವಿಟ್ಟು ಈಗಲೇ ಏನೂ ಕೀಳಬೇಡಿ. ಸಿಲಿಕಾನ್ ಅಂತೂ ಬೇಡವೇ ಬೇಡ. ಮೊದಲು ಮೂರು ವಿಷಯ ನೋಡಿ ಹೇಳಿ.

ಬೆರಳ ತುದಿಯಿಂದ ಒಂದೊಂದೇ ಗಾಜನ್ನು ಮೆಲ್ಲಗೆ ತಟ್ಟಿ. ಅಲ್ಲಾಡುವುದು ಕೆಲವೇ ಗಾಜುಗಳಾ, ಎಲ್ಲವೂನಾ? ಆಮೇಲೆ ಪಟ್ಟಿಗಳು ಸೇರುವ ಬೆಸುಗೆಯ ಗಂಟುಗಳನ್ನು ಟಾರ್ಚ್ ಹಿಡಿದು ನೋಡಿ. ಬಿರುಕು ಸಾಮಾನ್ಯವಾಗಿ ಗಂಟಿನ ನಡುವೆ ಇರುವುದಿಲ್ಲ. ಗಂಟು ಮುಗಿದು ಪಟ್ಟಿ ಶುರುವಾಗುವ ಗೆರೆಯಲ್ಲಿ, ಕೂದಲೆಳೆಯಷ್ಟು ಸಣ್ಣಗೆ ಇರುತ್ತದೆ. ಮೂರನೆಯದು, ಒಳಗಿನ ಮೈಯಲ್ಲಿ ಕೆಲವು ಗಂಟುಗಳಿಂದ ತಂತಿಯ ತುಂಡು ಹೊರಗೆ ಬಂದಿದೆಯಾ? ಮರದ ಚೌಕಟ್ಟಿನ ಎರಡೂ ಪಕ್ಕ ಎದುರುಬದುರು ತೂತು ಅಥವಾ ಪುಟ್ಟಿ ಮೆತ್ತಿದ ಗುರುತು ಇದೆಯಾ?

ಇಷ್ಟು ತಿಳಿದರೆ ಖಾಯಿಲೆ ಯಾವುದು ಅಂತ ಹೇಳಬಹುದು.

ಮಲ್ಲೇಶ್ವರದ_ಮನೆ:

ಈಗ ನೋಡಿಕೊಂಡು ಬಂದೆ ಸರ್. ಕೆಳಗಿನ ಅರ್ಧದಲ್ಲಿ ಹೆಚ್ಚುಕಮ್ಮಿ ಎಲ್ಲ ಗಾಜೂ ಅಲ್ಲಾಡುತ್ತವೆ. ಮೇಲೆ ಒಂದೆರಡು ಮಾತ್ರ. ಗಂಟಿನ ಪಕ್ಕದ ಬಿರುಕು ಐದಾರು ಕಡೆ ಇದೆ, ಎಲ್ಲ ಉಬ್ಬಿದ ಜಾಗದಲ್ಲೇ. ಮಿಕ್ಕ ಕಡೆ ಪಟ್ಟಿ ಚೆನ್ನಾಗಿದೆ.

ತಂತಿ ಇದೆ! ಎರಡು ಸಾಲಿನಲ್ಲಿ, ಜೋಡಿ ಜೋಡಿಯಾಗಿ ತಿರುಚಿ ಕತ್ತರಿಸಿದ ಹಾಗೆ. ಕಸ ಅಂದುಕೊಂಡಿದ್ದೆ. ಚೌಕಟ್ಟಿನಲ್ಲಿ ಅದೇ ಎತ್ತರಕ್ಕೆ ಎರಡೂ ಪಕ್ಕ ಪೇಂಟ್ ಮುಚ್ಚಿದ ಗುಂಡನೆ ಗುರುತು. ಯಾವಾಗಲೋ ಬಣ್ಣ ಹೊಡೆಸುವಾಗ ಅಡ್ಡ ಇದ್ದ ಕಂಬಿ ತೆಗೆಸಿದ್ದು ನೆನಪಿದೆ ಅಂತ ಅಮ್ಮ ಹೇಳಿದರು.

ಸೀಸ_ಬೆಸುಗೆ:

ಅಮ್ಮನಿಗೆ ನಮಸ್ಕಾರ ಹೇಳಿ. ಪೂರ್ತಿ ಉತ್ತರ ಅವರೇ ಕೊಟ್ಟುಬಿಟ್ಟರು. ನಿಮ್ಮ ಸೀಸದ ಆಯಸ್ಸು ಮುಗಿದಿಲ್ಲ. ಅದಕ್ಕಿದ್ದ ಆಸರೆ ಹೋಗಿದೆ, ಅಷ್ಟೇ.

ಸೀಸದ ಪಟ್ಟಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಇರುತ್ತದೆ. ನಡುವಿನ ಗೋಡೆಯ ಎರಡೂ ಪಕ್ಕ ಗಾಜು ಕೂರುತ್ತದೆ, ಮೇಲೆ ಕೆಳಗೆ ಎರಡು ರೆಕ್ಕೆ ಅದನ್ನು ಹಿಡಿಯುತ್ತವೆ. ಆದರೆ ಗಾಜಿಗೂ ರೆಕ್ಕೆಗೂ ನಡುವೆ ಸಂದು ಉಳಿದೇ ಉಳಿಯುತ್ತದೆ. ಅಲ್ಲಿಗೆ ಅಗಸೆ ಎಣ್ಣೆ ಮತ್ತು ಸುಣ್ಣದ ಕಲ್ಲಿನ ಪುಡಿ ಕಲಸಿದ ಪುಟ್ಟಿ ತುಂಬುತ್ತಾರೆ. ನೀರು ತಡೆಯುವುದೂ ಅದೇ, ಮೆತ್ತಗಿನ ಬಲೆಗೆ ಗಟ್ಟಿತನ ಕೊಡುವುದೂ ಅದೇ. ಅದು ಒಣಗಿ ಉದುರಿದಾಗ ಗಲಗಲ ಶುರುವಾಗುತ್ತದೆ.

ಇನ್ನು ಕಂಬಿ. ಸೀಸ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಗ್ಗುವ ಲೋಹ. ಬಿಸಿಲಿಗೆ ಗಾಜಿಗಿಂತ ಸುಮಾರು 3 ಪಟ್ಟು ಜಾಸ್ತಿ ಹಿಗ್ಗುತ್ತದೆ. ನಿಮ್ಮದು ಪಶ್ಚಿಮದ ಗೋಡೆ. ಮಧ್ಯಾಹ್ನವಿಡೀ ಕಾದು, ಸಂಜೆ ಮಳೆ ಬಿದ್ದ ತಕ್ಷಣ ತಣ್ಣಗಾಗುತ್ತದೆ. ಇದು ವರ್ಷಗಟ್ಟಲೆ ನಡೆದರೆ ಮೇಲಿನ ಭಾರ ಕೆಳಗೆ ಕೂತು, ದಾರಿ ಇಲ್ಲದೆ ಪಕ್ಕಕ್ಕೆ ಉಬ್ಬುತ್ತದೆ. ಅದಕ್ಕೇ ಅಡ್ಡಲಾಗಿ ಕಂಬಿ ಕೊಟ್ಟು, ಗಂಟುಗಳಿಗೆ ಬೆಸೆದ ತಾಮ್ರದ ತಂತಿಯಿಂದ ಬಲೆಯನ್ನು ಕಂಬಿಗೆ ಕಟ್ಟಿರುತ್ತಾರೆ. ನಿಮ್ಮ ಕಿಟಕಿಯಲ್ಲಿ ಎರಡು ಕಂಬಿ, ಅಂದರೆ ಸುಮಾರು 16 ಇಂಚಿಗೊಂದು ಆಸರೆ. ಕಟ್ಟಿದವರು ಸರಿಯಾಗಿಯೇ ಲೆಕ್ಕ ಹಾಕಿದ್ದರು.

ಈಗ ಟೇಪಿನ ಪ್ರಶ್ನೆ. ಸೀಸದ ಪಟ್ಟಿಯ ನಡುಗೋಡೆ ಸುಮಾರು 1.6 ಮಿ.ಮೀ ದಪ್ಪ. ಆ ಜಾಗ ಬಿಟ್ಟೇ ನಿಮ್ಮ ಗಾಜುಗಳನ್ನು ಕತ್ತರಿಸಿದ್ದಾರೆ. ಟೇಪಿಗೆ ಬಿಡುವುದು ಅದರ ಅರ್ಧ, ಸುಮಾರು 0.8 ಮಿ.ಮೀ. ಅದೇ ಗಾಜಿಗೆ ಟೇಪ್ ಸುತ್ತಿದರೆ ಪ್ರತಿ ಸಂದಿನಲ್ಲೂ 0.8 ಮಿ.ಮೀ ಕಡಿಮೆ ಬೀಳುತ್ತದೆ. ಅಗಲಕ್ಕೆ 8 ಗಾಜು ಅಂದರೆ 7 ಸಂದು, ಐದೂವರೆ ಮಿ.ಮೀ ಹೋಯಿತು. ಎತ್ತರಕ್ಕೆ 16 ಸಾಲು ಇದ್ದರೆ 12 ಮಿ.ಮೀ. ಚೌಕಟ್ಟಿಗೆ ಕೂರುವುದೇ ಇಲ್ಲ. ಇನ್ನೂ ಒಂದಿದೆ. ಹಳೇ ಗಾಜಿನ ಅಂಚು ಇಕ್ಕಳದಲ್ಲಿ ಕಚ್ಚಿ ಕಚ್ಚಿ ಸರಿಮಾಡಿದ್ದು. ರೆಕ್ಕೆಯ ಕೆಳಗೆ ಆ ಹಲ್ಲು ಕಾಣುವುದಿಲ್ಲ. ಟೇಪ್ ಹಾಕಿದರೆ ಒಂದೊಂದೂ ಎದ್ದು ಕಾಣುತ್ತದೆ.

ಜಯನಗರ_ಲ್ಯಾಂಪ್:

ಅಳತೆಯ ಮಾತು ಒಪ್ಪಿದೆ ಸರ್, ಅದು ನನಗೆ ಹೊಳೆದಿರಲಿಲ್ಲ. ಆದರೆ ಹೊಸದಾಗಿ ಗಾಜು ಕತ್ತರಿಸಿ ಮಾಡುವುದಾದರೆ ಕಿಟಕಿಗೆ ಟೇಪ್ ಆಗುತ್ತದೋ ಇಲ್ಲವೋ? ಬಣ್ಣದ ಗಾಜಿಗೆ ಹೆಸರಾದ ಅಮೆರಿಕದ ಟಿಫನಿಯವರ ದೊಡ್ಡ ದೊಡ್ಡ ಕಿಟಕಿಗಳಲ್ಲೂ ಟೇಪ್ ಕೆಲಸ ಇದೆಯಲ್ಲ?

ಸೀಸ_ಬೆಸುಗೆ:

ಇದೆ. ಹೂವು, ಎಲೆ, ತೀರಾ ಸಣ್ಣ ಚೂರು, ಸುತ್ತಿ ಬಳಸುವ ಗೆರೆ ಇದ್ದಾಗ ಟೇಪಿನಷ್ಟು ಚೆನ್ನಾಗಿ ಸೀಸದಲ್ಲಿ ಆಗುವುದಿಲ್ಲ. ಮನೆ ಒಳಗಿನ ಬಾಗಿಲು, ಪಾರ್ಟಿಶನ್, ಅಥವಾ ಹೊರಗೆ ಇನ್ನೊಂದು ಸಾದಾ ಗಾಜು ಇರುವ ಕಿಟಕಿಗೆ ನಾನೂ ಟೇಪೇ ಹೇಳುತ್ತೇನೆ. ಆದರೆ ಬಿಸಿಲು ಮಳೆ ನೇರ ಬಡಿಯುವ ಕಡೆ, ಹಿಗ್ಗಿ ಕುಗ್ಗುವುದಕ್ಕೆ ಜಾಗ ಕೊಡುವ ಸೀಸ ಮತ್ತು ಪುಟ್ಟಿಯೇ ಮೇಲು. ಟೇಪ್ ಹಾಕಿದರೂ ಕಂಬಿಯ ಆಸರೆ ತಪ್ಪುವುದಿಲ್ಲ. ವಿನ್ಯಾಸದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಗೆರೆ ಹಾದುಹೋದರೆ ಬಲೆ ಅಲ್ಲೇ ಮಡಚುತ್ತದೆ, ಸೀಸವಾದರೂ ಟೇಪಾದರೂ.

ಬರೀ ಚೌಕ, ನೇರ ಗೆರೆಯ ವಿನ್ಯಾಸಕ್ಕೆ ಸತುವಿನ ಪಟ್ಟಿಯೂ ಇದೆ. ಸೀಸಕ್ಕಿಂತ ಗಟ್ಟಿ. ಬಾಗಿಸುವುದು ಕಷ್ಟ, ಕತ್ತರಿಸಲು ಗರಗಸ ಬೇಕು. ಟೇಪ್ ಕೆಲಸದ ಸುತ್ತಂಚಿಗೆ ತುಂಬ ಒಳ್ಳೆಯದು.

ಹಲಗೆ_ಉಳಿ:

ಮಧ್ಯೆ ಒಂದು ಪ್ರಶ್ನೆ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು. ಅಷ್ಟು ಗಾಜು ಇದೆ, ಅದು ಹೀಗೆ ಹೊಟ್ಟೆ ಬಿಡುವುದಿಲ್ಲವಲ್ಲ, ಯಾಕೆ? ಮತ್ತೆ ಸಿಲಿಕಾನ್ ಯಾಕೆ ಬೇಡ ಅಂದಿರಿ? ಈಗ ಎಲ್ಲ ಕಿಟಕಿಗೂ ಅದನ್ನೇ ಹೊಡೆಯುತ್ತೇವೆ.

ಸೀಸ_ಬೆಸುಗೆ:

ಅಲ್ಲಿ ಭಾರ ಹೊರುವುದು ಕಬ್ಬಿಣದ ಚೌಕಟ್ಟು. ಒಂದು ಗಾಜಿನ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ. ನಾವು ಮಾತಾಡುತ್ತಿರುವ ಕಿಟಕಿಯಲ್ಲಿ ಮೇಲಿನ ಸಾಲಿನ ಭಾರವೆಲ್ಲ ಕೆಳಗಿನ ಸಾಲಿಗೆ. ಅದಕ್ಕೇ ಕೆಳಗಿನ ಅರ್ಧ ಮೊದಲು ಸೋಲುವುದು.

ಸಿಲಿಕಾನ್ ವಿಷಯ. ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವುದು ಹಚ್ಚಿದಾಗ ವಿನೆಗರ್ ವಾಸನೆ ಬರುವಂಥದ್ದು. ಆ ವಾಸನೆ ಅಸಿಟಿಕ್ ಆಮ್ಲದ್ದು. ಅದು ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್ ಅಷ್ಟು ಕೆಡಿಸುವುದಿಲ್ಲ ನಿಜ. ಆದರೂ ಮುಂದೆ ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ. ರೆಕ್ಕೆಯ ಮೇಲೆ ಗೆರೆ ಎಳೆದರೆ ಒಳಗಿನ ಖಾಲಿ ಸಂದು ಹಾಗೇ ಉಳಿಯುತ್ತದೆ, ನೀರು ಅಲ್ಲೇ ನಿಲ್ಲುತ್ತದೆ.

ಮಲ್ಲೇಶ್ವರದ_ಮನೆ:

ಹಾಗಾದರೆ ಸೀಸ ಉಳಿಸಿಕೊಂಡೇ ರಿಪೇರಿ ಮಾಡುತ್ತೇನೆ. ಎಲ್ಲಿಂದ ಶುರು ಮಾಡಲಿ? ಹೊಟ್ಟೆ ಬಿಟ್ಟಿದ್ದನ್ನು ಒತ್ತಿ ಸಮ ಮಾಡಬಹುದಾ?

ಸೀಸ_ಬೆಸುಗೆ:

ನಿಂತ ಹಾಗೇ ಒತ್ತಬೇಡಿ, ಗಾಜು ಒಡೆಯುತ್ತದೆ. ಬಿಚ್ಚಿ ಮಲಗಿಸಿಯೇ ಮಾಡಬೇಕು.

ಬಿಚ್ಚುವ ಮುಂಚೆ ಕಿಟಕಿಯ ಮೇಲೆ ತೆಳು ಕಾಗದ ಅಂಟಿಸಿ, ಮಕ್ಕಳ ಮೇಣದ ಬಳಪವನ್ನು ಅಡ್ಡ ಹಿಡಿದು ಉಜ್ಜಿ. ಪಟ್ಟಿ, ಗಂಟು ಎಲ್ಲ ಕಾಗದದ ಮೇಲೆ ಮೂಡುತ್ತದೆ. ಬಿರುಕು ಬಿಟ್ಟ ಗಾಜಿನ ಅಳತೆಯೂ ಅದರಲ್ಲೇ ಸಿಗುತ್ತದೆ. ಫೋಟೋ ಮಾತ್ರ ನಂಬಬೇಡಿ.

ಆಮೇಲೆ ಮರದ ಬೀಡಿಂಗನ್ನು ಆಚಾರಿಯವರ ಕೈಲಿ ತೆಗೆಸಿ. ಹಿಂದೆ ಪ್ಲೈವುಡ್ ಹಲಗೆ ಕೊಟ್ಟು, ಹಲಗೆ ಸಮೇತ ನೆಟ್ಟಗೆ ಹೊತ್ತು ತನ್ನಿ. ಅಡ್ಡ ಹಿಡಿದರೆ ನಡುವೆ ಮಡಚಿಕೊಳ್ಳುತ್ತದೆ. ಮೇಜಿನ ಹತ್ತಿರ ಬಂದ ಮೇಲೆ ಹಲಗೆಯನ್ನೇ ಬಗ್ಗಿಸಿ ಮಲಗಿಸಿ, ಉಬ್ಬು ಮೇಲಕ್ಕೆ ಬರುವ ಹಾಗೆ.

ಉಬ್ಬಿದ ಕಡೆ ರೆಕ್ಕೆಯ ಕೆಳಗಿನ ಹಳೇ ಪುಟ್ಟಿಯನ್ನು ಬಿದಿರಿನ ಕಡ್ಡಿಯಿಂದ ಕೆದಕಿ ತೆಗೆಯಿರಿ. ಗಟ್ಟಿ ಚೂರು ಒಳಗೆ ಉಳಿದರೆ ಸಮ ಮಾಡುವಾಗ ಗಾಜು ಅದಕ್ಕೆ ತಾಗಿ ಸೀಳುತ್ತದೆ. ಧೂಳಲ್ಲಿ ಸೀಸ ಇರುತ್ತದೆ. ನೀರು ಚಿಮುಕಿಸಿಕೊಂಡೇ ಮಾಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ, ಪೊರಕೆ ಬೇಡ. ಈ ಕೆಲಸ ಮನೆಯೊಳಗೆ ಬೇಡ, ಮಗು ಆ ಕಡೆ ಬರುವುದೇ ಬೇಡ. ಕೈ ತೊಳೆಯದೆ ಕಾಫಿ ಲೋಟವನ್ನೂ ಮುಟ್ಟಬೇಡಿ, ಕೆಲಸದ ಬಟ್ಟೆ ಬೇರೆ ಒಗೆಯಿರಿ.

ಬಿಸಿಲಲ್ಲಿ ಬೆಚ್ಚಗಾಗಲು ಬಿಟ್ಟು, ಮೇಲೆ ಇನ್ನೊಂದು ಹಲಗೆ ಇಟ್ಟು, ಸ್ವಲ್ಪ ಸ್ವಲ್ಪವೇ ತೂಕ ಏರಿಸಿ. ಅವಸರ ಬೇಡ. ಪೂರ್ತಿ ಸಮ ಆಗದೆ ಸ್ವಲ್ಪ ಉಳಿದರೂ ಪರವಾಗಿಲ್ಲ. ಬಿರುಕು ಬಿಟ್ಟ ಗಾಜಿನ ಸುತ್ತ ಮಾತ್ರ ರೆಕ್ಕೆ ಎತ್ತಿ, ಹೊಸ ಗಾಜು ಕೂರಿಸಿ, ರೆಕ್ಕೆ ಮಡಚಿ.

ಮಲ್ಲೇಶ್ವರದ_ಮನೆ:

ಗಂಟಿನ ಬಿರುಕಿಗೆ ಬೆಸುಗೆ ಹೇಗೆ ಸರ್? ಒಂದು ತುಂಡು ಹೊಸ ಸೀಸದ ಪಟ್ಟಿ ತಂದು ನೋಡಿದೆ. ಟೇಪಿಗೆ ಇಡುವ ಹಾಗೆ ಬೆಸುಗೆ ಕಾವಿ (ಸೋಲ್ಡರಿಂಗ್ ಐರನ್) ಇಟ್ಟರೆ ಪಟ್ಟಿಯೇ ಕರಗಿ ತೂತಾಗುತ್ತಿದೆ.

ಸೀಸ_ಬೆಸುಗೆ:

ಟೇಪಿನಲ್ಲಿ ಕಾವಿ ಎಳೆದುಕೊಂಡು ಹೋಗುತ್ತೀರಿ. ತಾಮ್ರ ಕರಗುವುದಿಲ್ಲ, ಹಾಗಾಗಿ ನಡೆಯುತ್ತದೆ. ಸೀಸ ಕರಗುವುದು 327 ಡಿಗ್ರಿಗೆ. 60/40 ಬೆಸುಗೆ ತಂತಿ, ಅಂದರೆ 60 ಪಾಲು ತವರ 40 ಪಾಲು ಸೀಸ ಇರುವುದು, 190ರ ಹೊತ್ತಿಗೆ ಪೂರ್ತಿ ಕರಗುತ್ತದೆ. ಆ ನಡುವಿನ ಅಂತರದಲ್ಲೇ ಕೆಲಸ ಮುಗಿಯಬೇಕು. ಗಂಟನ್ನು ತಂತಿ ಬ್ರಷ್‌ನಲ್ಲಿ ಬೆಳ್ಳಗೆ ಹೊಳೆಯುವ ತನಕ ಉಜ್ಜಿ. ಬೆಸುಗೆ ಚೆನ್ನಾಗಿ ಹಿಡಿಯಲು ಒಲಿಯಿಕ್ ಆಮ್ಲ ಸವರಿ. ಬೆಸುಗೆ ತಂತಿಯನ್ನು ಗಂಟಿನ ಮೇಲೆ ಇಟ್ಟು, ತಂತಿಯ ಮೇಲಿನಿಂದ ಕಾವಿ ಮುಟ್ಟಿಸಿ. ಹರಡಿತು ಅಂದ ಕೂಡಲೇ ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ಶಾಖ ಹೊಂದಿಸುವ ಕಾವಿ ಆದರೆ ಒಳ್ಳೆಯದು. ಎಸ್.ಪಿ. ರಸ್ತೆಯಲ್ಲಿ ಬೆಸುಗೆ ತಂತಿ ಕೇಳಿದರೆ ಎಲೆಕ್ಟ್ರಾನಿಕ್ಸಿನ ತೆಳ್ಳಗಿನದು ಕೊಡುತ್ತಾರೆ, ಒಳಗೆ ರಾಳ ತುಂಬಿದ್ದು. ರಾಳ ಇಲ್ಲದ ದಪ್ಪ ತಂತಿಯೇ ಬೇಕು ಅಂತ ಹೇಳಿ. ಸೀಸ ಇಲ್ಲದ ಬೆಸುಗೆ ಇಲ್ಲಿ ಬೇಡ. ಅದು ಕರಗಲು ಇನ್ನೂ ಜಾಸ್ತಿ ಬಿಸಿ ಬೇಕು, ಅಂತರ ಕಿರಿದಾಗುತ್ತದೆ.

ಕಂಬಿಗೆ ಕಟ್ಟುವ ಹೊಸ ತಾಮ್ರದ ತಂತಿಗಳನ್ನೂ ಈಗಲೇ ಆ ಎರಡು ಸಾಲಿನ ಗಂಟುಗಳಿಗೆ ಬೆಸೆದುಬಿಡಿ.

ಪುಟ್ಟಿಗೆ ಪೇಂಟ್ ಅಂಗಡಿಯಲ್ಲಿ ವೈಟಿಂಗ್ ಪುಡಿ (ಆಗ ಹೇಳಿದ ಸುಣ್ಣದ ಕಲ್ಲಿನ ಪುಡಿ), ಕಾಯಿಸಿದ ಅಗಸೆ ಎಣ್ಣೆ (ಬಾಯ್ಲ್ಡ್ ಲಿನ್‌ಸೀಡ್ ಆಯಿಲ್), ಸ್ವಲ್ಪ ಟರ್ಪೆಂಟೈನ್, ಕಪ್ಪಾಗಲು ದೀಪದ ಮಸಿ. ಸುಮ್ನೆ "ಪುಟ್ಟಿ ಕೊಡಿ" ಅಂದರೆ ಗೋಡೆಗೆ ಹಚ್ಚುವ ವಾಲ್ ಪುಟ್ಟಿ ಕೊಡುತ್ತಾರೆ. ಅದು ಸಿಮೆಂಟಿನದು, ಇಲ್ಲಿಗೆ ಬರುವುದಿಲ್ಲ. ಗಟ್ಟಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಗಟ್ಟಿ ಬ್ರಷ್‌ನಿಂದ ರೆಕ್ಕೆಯ ಕೆಳಗೆ ಎಲ್ಲ ದಿಕ್ಕಿನಿಂದ ತುರುಕಿ, ಎರಡೂ ಮೈಗೆ. ಮೇಲೆ ಒಣ ವೈಟಿಂಗ್ ಉದುರಿಸಿ ಉಜ್ಜಿದರೆ ಹೆಚ್ಚಿನ ಎಣ್ಣೆ ಹೀರಿಕೊಂಡು ಗಾಜು ಶುಚಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಹಲಗೆ_ಉಳಿ:

ಕಂಬಿ ಯಾವ ದಪ್ಪ ಹೇಳಲಿ? ಹಳೇ ತೂತೇ ಬಳಸಬಹುದಾ?

ಸೀಸ_ಬೆಸುಗೆ:

8 ಮಿ.ಮೀ ಗುಂಡು ಸರಳು ಸಾಕು. ಸ್ಟೇನ್‌ಲೆಸ್ ಆದರೆ ತುಕ್ಕಿನ ಯೋಚನೆ ಇಲ್ಲ. ಕಬ್ಬಿಣ ಆದರೆ ರೆಡ್ ಆಕ್ಸೈಡ್ ಹೊಡೆಸಿ. ಹಳೇ ತೂತನ್ನೇ ಬಿಡಿಸಿಕೊಳ್ಳಿ, ಒಂದು ಪಕ್ಕ ಸ್ವಲ್ಪ ಆಳ ಮಾಡಿದರೆ ಸರಳು ತೂರಿಸಿ ಹಿಂದಕ್ಕೆ ಎಳೆದು ಕೂರಿಸಬಹುದು. ತಂತಿಯನ್ನು ಸರಳಿಗೆ ಸುತ್ತಿ ತಿರುಚಿ, ಬಲೆ ಮುಂದಕ್ಕೆ ಜಗ್ಗುವಷ್ಟು ಬಿಗಿ ಬೇಡ.

ಮಲ್ಲೇಶ್ವರದ_ಮನೆ:

ಈ ವಾರವೇ ಬಿಚ್ಚಲಾ? ಸಂಜೆ ಸಂಜೆ ಮಳೆ ಬರುತ್ತಿದೆ.

ಸೀಸ_ಬೆಸುಗೆ:

ಈಗ ಬೇಡ. ಪುಟ್ಟಿಯ ಮೇಲ್ಮೈ ಒಂದೆರಡು ದಿನಕ್ಕೆ ಬಿಗಿದರೂ ಒಳಗೆ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಸಂಕ್ರಾಂತಿ ಕಳೆದ ಮೇಲೆ ಹಿಡಿದರೆ ಬೇಸಿಗೆ ಮಳೆಗೆ ಮುಂಚೆ ಆರಾಮಾಗಿ ಮುಗಿಯುತ್ತದೆ. ಅಲ್ಲಿಯ ತನಕ ಹೊರಗಿನಿಂದ ಪಾಲಿಕಾರ್ಬೊನೇಟ್ ಹಾಳೆಯೊಂದನ್ನು ಚೌಕಟ್ಟಿನ ಮರಕ್ಕೆ ಸ್ಕ್ರೂ ಹಾಕಿಸಿ, ಕೆಳಗೆ ಗಾಳಿಯಾಡಲು ಬೆರಳಗಲ ಬಿಡಿ. ಕಿಟಕಿ ಬಿಚ್ಚಿದಾಗ ಖಾಲಿ ಜಾಗಕ್ಕೂ ಅದೇ ಆಗುತ್ತದೆ. ಎರಡು ಸರಳನ್ನು ಮಾತ್ರ ಈ ವಾರವೇ ಹಾಕಿಸಿ. ಉಬ್ಬಿಗೆ ತಾಗದಂತೆ ಕೂತರೆ, ಉಳಿದಿರುವ ಹಳೇ ತಂತಿಗಳ ಪೈಕಿ ಕೈಗೆ ಸಿಗುವಷ್ಟನ್ನು ಮೆಲ್ಲಗೆ ಅದಕ್ಕೆ ಸುತ್ತಿಡಿ.